ವಿಭಜಿತ ಜರ್ಮನಿಯಲ್ಲಿ ಜಾಝ್ ಸಂಗೀತ: ರಾಜಶಾಸನ ಮತ್ತು ಮನೋಧರ್ಮ

ರಾಜ್ಯವು ಸಂಗೀತಕ್ಕೆ ಆಶ್ರಯವಿತ್ತ ವೃತ್ತಾಂತ ನಮ್ಮ ನಾಡಿನ ವಾಚಕರಿಗೆ ಹೊಸದಲ್ಲ. ಮೈಸೂರಿನ ಅರಮನೆಯು ವಿದ್ವಾಂಸರನ್ನು ಪೋಷಿಸಿದ ಬಗೆಯನ್ನು ಎಲ್ಲರೂ ಬಲ್ಲರು. ಆದರೆ ಆಶ್ರಯವೀಯುವ ಕೈಯೇ ಸಂಗೀತದ ಕುಲಗೋತ್ರಗಳನ್ನು ವಿಚಾರಿಸತೊಡಗಿದರೆ ಏನಾಗುತ್ತದೆ? ಈ ಪ್ರಶ್ನೆಗೆ 1949ರಿಂದ 1990ರವರೆಗೆ ಬಾಳಿದ ಪೂರ್ವ ಜರ್ಮನಿಯ ಜಾಝ್ ಸಂಗೀತದ ಚರಿತ್ರೆಯಲ್ಲಿ ಒಂದು ಉತ್ತರವುಂಟು. ಜಾಝ್ ಸ್ವಾತಂತ್ರ್ಯದ ಸಂಗೀತ. ಕಮ್ಯುನಿಸ್ಟ್ ಆಳ್ವಿಕೆ ಅದನ್ನು ತುಳಿಯಿತು. ಕಲಾವಿದರು ಎದುರು ನಿಂತರು ಎಂಬುದು ಈ ವಿಷಯದಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು. ಇದು ಸುಳ್ಳಲ್ಲ, ಆದರೆ ಪೂರ್ಣ ಸತ್ಯವೂ ಅಲ್ಲವೆಂದು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಈ ಸಂಗೀತದ ಸ್ವರೂಪವನ್ನು ಕುರಿತು ಒಂದೆರಡು ಮಾತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಕಪ್ಪು ಜನರ ನಡುವೆ ರೂಪುಗೊಂಡ ಜಾಝ್‌ಗೆ ಆಶುರಚನೆಯೇ ಜೀವ. ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ರಾಮನವಮಿಯ ಕಛೇರಿಗಳನ್ನು ಕೇಳಿದವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ನಾವು ಮನೋಧರ್ಮವೆಂದು ಕರೆಯುವ, ಕಲ್ಪನಾಸ್ವರದಲ್ಲಿಯೂ ತನಿ ಆವರ್ತನದಲ್ಲಿಯೂ ಕಾಣುವ ಗುಣಕ್ಕೆ ಅದು ಹತ್ತಿರವಾದುದು. ಬರೆದಿಟ್ಟ ಸ್ವರವನ್ನು ಅಧಿಕಾರಿಯೊಬ್ಬನು ಮುಂಚಿತವಾಗಿ ಪರೀಕ್ಷಿಸಬಹುದು. ಆ ಕ್ಷಣದಲ್ಲಿ ಹುಟ್ಟುವ ಸ್ವರವನ್ನು ಯಾರು ಪರೀಕ್ಷಿಸಬಲ್ಲರು? ಆಳುವವರ ಸಂಶಯಕ್ಕೆ ಒಂದು ಕಾರಣ ಇಲ್ಲಿಯೇ ಇದೆ.

ಇನ್ನೊಂದು ಕಾರಣ ಅದರ ಹುಟ್ಟೂರು. ರಷ್ಯದಲ್ಲಿ ಮ್ಯಾಕ್ಸಿಂ ಗಾರ್ಕಿ 1928ರಲ್ಲಿಯೇ ಪ್ರಾವ್ದಾ ಪತ್ರಿಕೆಯಲ್ಲಿ ಜಾಝನ್ನು ಕೊಬ್ಬಿದವರ ಸಂಗೀತವೆಂದು ಹಳಿದಿದ್ದನು. 1949ರಲ್ಲಿ ಜರ್ಮನಿ ಎರಡು ರಾಜ್ಯಗಳಾದ ಬಳಿಕ ಪೂರ್ವದಲ್ಲಿ ಅಧಿಕಾರದಲ್ಲಿದ್ದ ಸಮಾಜವಾದಿ ಏಕತಾ ಪಕ್ಷವು 1951ರ ಮಾರ್ಚಿಯಲ್ಲಿ ಕಲೆಯಲ್ಲಿನ ರೂಪವಾದದ ವಿರುದ್ಧ ನಿರ್ಣಯವನ್ನು ಅಂಗೀಕರಿಸಿತು. ಅಮೆರಿಕದಿಂದ ಬಂದುದೆಲ್ಲವೂ ಶತ್ರುವಿನ ಆಯುಧವೆನಿಸಿದ ಕಾಲವದು. ಆದರೆ ಅದೇ ಪಕ್ಷದ ಸಿದ್ಧಾಂತದ ಪ್ರಕಾರ ಅಮೆರಿಕದ ಕಪ್ಪು ಜನರು ಶೋಷಿತರು. ಶೋಷಿತರ ಸಂಗೀತ ಶತ್ರುವಿನ ಸಂಗೀತವಾಗುವುದೆಂತು? ಲೈಪ್‌ಜಿಗ್‌ನ ರೆಜಿನಾಲ್ಡ್ ರುಡಾರ್ಫ್ ಎಂಬ ತರುಣ ವಿಮರ್ಶಕನು ಈ ಅಂಶವನ್ನೇ ಹಿಡಿದು, ನಿಜವಾದ ಜಾಝ್ ಜನಪದ ಸಂಗೀತವೆಂದು ವಾದಿಸಿದನು. 1957ರಲ್ಲಿ ಅವನನ್ನು ಬಂಧಿಸಿ ಎರಡು ವರ್ಷಗಳ ಸೆರೆವಾಸಕ್ಕೆ ಗುರಿಮಾಡಲಾಯಿತು. ಆಳುವವರ ಸಿದ್ಧಾಂತದ ಮಾತಿನಲ್ಲಿಯೇ ವಾದಿಸಿದವನಿಗೆ ಈ ಗತಿ ಒದಗಿತೆಂಬುದು ಗಮನಾರ್ಹ. 1958ರ ಜನವರಿಯಲ್ಲಿ ಹೊರಟ ಆಜ್ಞೆಯೊಂದು, ಮನರಂಜನೆಯ ಮತ್ತು ನೃತ್ಯದ ಸಂಗೀತದಲ್ಲಿ ನೂರಕ್ಕೆ 60 ಭಾಗವಾದರೂ ಸಮಾಜವಾದಿ ದೇಶಗಳ ರಚನೆಯಾಗಿರತಕ್ಕದ್ದೆಂದು ವಿಧಿಸಿತು.

ಕಲೆಯನ್ನು ಶಾಸನದಿಂದ ಅಳೆಯುವ ಈ ಪ್ರವೃತ್ತಿ ಕಮ್ಯುನಿಸ್ಟ್ ದೇಶಗಳಿಗೆ ಮಾತ್ರ ಸೀಮಿತವಾದುದೆಂದು ಭಾವಿಸಲಾಗದು. ನಮ್ಮ ಆಕಾಶವಾಣಿಯಲ್ಲಿ 1940ರಿಂದ ಮೂರು ದಶಕಗಳ ಕಾಲ ಹಾರ್ಮೋನಿಯಂಗೆ ಪ್ರವೇಶವಿರಲಿಲ್ಲ. ವಿದೇಶೀಯ ವಾದ್ಯವೆಂಬುದು ಅದರ ಮೇಲಿದ್ದ ಆಕ್ಷೇಪಗಳಲ್ಲಿ ಒಂದು. 1952ರಲ್ಲಿ ಬಿ. ವಿ. ಕೇಸ್ಕರ್ ಅವರು ಸಚಿವರಾದ ಮೇಲೆ ಚಿತ್ರಗೀತೆಗಳನ್ನೂ ಬದಿಗೆ ಸರಿಸಲಾಯಿತು. ಶ್ರೋತೃಗಳು ಸಿಲೋನ್ ರೇಡಿಯೋದತ್ತ ತಿರುಗಿದರು; 1957ರಲ್ಲಿ ವಿವಿಧಭಾರತಿಯನ್ನು ಆರಂಭಿಸಬೇಕಾಯಿತು. ಆದರೆ ಇಲ್ಲಿ ಹಾರ್ಮೋನಿಯಂ ಪರವಾಗಿ ವಾದಿಸಿದ್ದಕ್ಕಾಗಿ ಯಾರೂ ಸೆರೆಮನೆಗೆ ಹೋಗಲಿಲ್ಲ. ಎರಡು ಕಡೆಗಳಲ್ಲಿಯೂ ಆಸೆ ಒಂದೇ ಬಗೆಯದಾಗಿತ್ತು, ದಂಡನೆಯಲ್ಲಿ ಅಜಗಜಾಂತರವಿತ್ತು. ಈ ಅಂತರವನ್ನು ಇತಿಹಾಸಕಾರನು ಮರೆಯತಕ್ಕುದಲ್ಲ.

1961ರ ಆಗಸ್ಟ್ 13ರಂದು ಬರ್ಲಿನ್ ನಗರದ ನಡುವೆ ಗಡಿಯನ್ನು ಮುಚ್ಚಿ ಗೋಡೆಯ ಕೆಲಸಕ್ಕೆ ತೊಡಗಿದರು. ಗೋಡೆಯೊಡನೆ ಜಾಝ್ ಪೂರ್ತಿಯಾಗಿ ಅಡಗಿಹೋಗಬೇಕಾಗಿತ್ತೆಂದು ಊಹಿಸುವುದು ಸಹಜ. ನಡೆದುದು ಬೇರೆ. 1962ರಲ್ಲಿ ಡ್ರೆಸ್ಡೆನ್ ಸಂಗೀತ ಮಹಾವಿದ್ಯಾಲಯದಲ್ಲಿ ನೃತ್ಯಸಂಗೀತದ ಶಿಕ್ಷಣ ಆರಂಭವಾಯಿತು. ಮುಂದೆ ಜಾಝ್ ವಾದಕರಾಗಿ ಹೆಸರಾದ ಹಲವರು ಅಲ್ಲಿಯೇ ಕಲಿತರು. 1965ರ ಮಾರ್ಚಿಯಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಪೂರ್ವ ಬರ್ಲಿನ್, ಲೈಪ್‌ಜಿಗ್ ಮೊದಲಾದ ನಗರಗಳಲ್ಲಿ ತುಂಬಿದ ಸಭೆಗಳ ಮುಂದೆ ನುಡಿಸಿದರು. ಅದೇ ತಿಂಗಳು ಅಮೆರಿಕದ ಸೆಲ್ಮಾದಲ್ಲಿ ಮತದಾನದ ಹಕ್ಕನ್ನು ಕೇಳಿ ನಡೆದ ಕಪ್ಪು ಜನರ ಮೇಲೆ ಪೊಲೀಸರು ಕೈಮಾಡಿದ್ದರು. ಅತಿಥಿಯನ್ನು ಸ್ವಾಗತಿಸುವುದು ಆಳುವವರಿಗೂ ಅನುಕೂಲವೇ ಆಗಿತ್ತು. ಅದೇ ವರ್ಷ ಡಾಯ್ಚಸ್ ಥಿಯೇಟರ್ ಎಂಬ ಪ್ರಸಿದ್ಧ ನಾಟಕಶಾಲೆಯ ಚಿಕ್ಕ ರಂಗಮಂದಿರದಲ್ಲಿ ಜಾಝ್ ಕಛೇರಿಗಳ ಮಾಲೆ ಮೊದಲಾಗಿ 1990ರವರೆಗೆ ನಡೆಯಿತು. ಇತ್ತ 1965ರ ಡಿಸೆಂಬರಿನಲ್ಲಿ ಪಕ್ಷದ ಕೋಪ ತರುಣರ ಬೀಟ್ ಸಂಗೀತದ ಮೇಲೆ ಎರಗಿತು. ನಿನ್ನೆಯ ಶತ್ರು ಇಂದಿನ ಸಂಭಾವಿತನಾಗಲು ಹೊಸ ಶತ್ರುವೊಬ್ಬನು ದೊರೆತರೆ ಸಾಕು.

1970ರ ದಶಕದಲ್ಲಿ ಗುಂಪೆರ್ಟ್, ಪೆಟ್ರೋವ್ಸ್ಕಿ, ಬಾವರ್ ಮತ್ತು ಸೋಮರ್ ಎಂಬ ನಾಲ್ವರು ಅಮೆರಿಕದ ಮಾದರಿಯನ್ನು ಬಿಟ್ಟು ತಮ್ಮದೇ ದಾರಿ ಹಿಡಿದರು. ಗುಂಪೆರ್ಟ್ 1972ರಲ್ಲಿ ಹಳೆಯ ಜರ್ಮನ್ ಜನಪದ ಮಟ್ಟುಗಳನ್ನೇ ಆಧಾರವಾಗಿಟ್ಟುಕೊಂಡು ಜಾಝ್ ರಚನೆಯೊಂದನ್ನು ಕಟ್ಟಿದರು. 1958ರ ಆಜ್ಞೆ ಬಲವಂತದಿಂದ ಬೇಡಿದ ಸ್ವದೇಶೀಯತೆ ಹೀಗೆ ಆಜ್ಞೆಯಿಲ್ಲದೆ, ಆಜ್ಞಾಪಿಸಿದವರು ಎಣಿಸದ ರೂಪದಲ್ಲಿ ಬಂದಿತು! ಪಶ್ಚಿಮ ಬರ್ಲಿನ್‌ನ ಎಫ್‌ಎಂಪಿ ಎಂಬ ಧ್ವನಿಮುದ್ರಣ ಸಂಸ್ಥೆಯು 1973ರಿಂದ ಇವರ ಸಂಗೀತವನ್ನು ಹೊರತಂದಿತು. ಕಾಟ್‌ಬುಸ್ ಸಮೀಪದ ಪೈಟ್ಸ್ ಎಂಬ ಪುಟ್ಟ ಊರಿನಲ್ಲಿ ಅದೇ ವರ್ಷ ಆರಂಭವಾದ ಜಾಝ್ ಉತ್ಸವಕ್ಕೆ ದೇಶದ ಎಲ್ಲೆಡೆಗಳಿಂದ ಜನ ನೆರೆದರು. 1982ರಲ್ಲಿ ಅಧಿಕಾರಿಗಳು ಅದನ್ನು ನಿಷೇಧಿಸಿದರು. ಕಲಾವಿದರನ್ನು ಸಹಿಸಿದ ರಾಜ್ಯವು ನೆರೆದ ಜನರನ್ನು ಸಹಿಸಲಿಲ್ಲವೆಂದು ನಾವು ತಿಳಿಯುತ್ತೇವೆ. ಎರಡು ವರ್ಷಗಳ ಬಳಿಕ ಆ ನಾಲ್ವರು ತಮ್ಮ ಮೇಳಕ್ಕೆ ಪಕ್ಷದ ಕೇಂದ್ರ ಸಮಿತಿಯನ್ನು ಅಣಕಿಸುವಂತೆ 'ಕೇಂದ್ರ ಚತುಷ್ಟಯ' ಎಂಬರ್ಥದ ಹೆಸರಿಟ್ಟುಕೊಂಡರು.

ಈ ವಿಭಜನೆಯ ನೆರಳು ನಮ್ಮ ಬೆಂಗಳೂರಿನವರೆಗೂ ಚಾಚಿತ್ತು. ಪಶ್ಚಿಮ ಜರ್ಮನಿಯ ಮ್ಯಾಕ್ಸ್ ಮುಲ್ಲರ್ ಭವನ 1960ರಲ್ಲಿಯೇ ಇಲ್ಲಿ ನೆಲೆಗೊಂಡಿತು. ಪೂರ್ವ ಜರ್ಮನಿಗೆ ಭಾರತವು ಪೂರ್ಣ ಮನ್ನಣೆ ನೀಡಿದುದು 1972ರ ಅಕ್ಟೋಬರಿನಲ್ಲಿ. ವಿದ್ವಾನ್ ಟಿ. ಎ. ಎಸ್. ಮಣಿ ಅವರು 1964ರಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಕಲಾವಿದರು ಜಾಝ್‌ನೊಡನೆ ಕೈಜೋಡಿಸಿದುದು ಪಶ್ಚಿಮದ ಕಡೆಯಿಂದಲೇ. ವಿದುಷಿ ಆರ್. ಎ. ರಮಾಮಣಿ ಮತ್ತು ಸಂಗಡಿಗರು, ನಾಗಸ್ವರವನ್ನು ಕಲಿತಿದ್ದ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊ ಅವರೊಡನೆ 1983ರ ಫೆಬ್ರುವರಿಯಲ್ಲಿ ಲುಡ್ವಿಗ್ಸ್‌ಬುರ್ಗ್‌ನಲ್ಲಿ 'ಜ್ಯೋತಿ' ಎಂಬ ಧ್ವನಿಮುದ್ರಿಕೆಯನ್ನು ಸಿದ್ಧಪಡಿಸಿದರು. ಪೈಟ್ಸ್‌ನ ಉತ್ಸವ ನಿಂತು ಆಗ ಹೆಚ್ಚು ಕಾಲವಾಗಿರಲಿಲ್ಲ. ಬೆಂಗಳೂರಿನ ಮೃದಂಗಕ್ಕೆ ತೆರೆದಿದ್ದ ಬಾಗಿಲು ಅದೇ ಭಾಷೆಯನ್ನಾಡುವ ಪೈಟ್ಸ್‌ನ ಶ್ರೋತೃಗಳಿಗೆ ಮುಚ್ಚಿತ್ತು.

ಇಷ್ಟರಿಂದ ಪೂರ್ವ ಜರ್ಮನಿಯ ಕಲಾವಿದರನ್ನೆಲ್ಲ ವೀರರೆಂದಾಗಲಿ, ರಾಜ್ಯದ ವೇತನ ಪಡೆದ ಕಾರಣದಿಂದ ಅಂಜುಬುರುಕರೆಂದಾಗಲಿ ನಿರ್ಣಯಿಸುವುದು ಉಚಿತವಲ್ಲ. ಅವರಿಗೆ ವಿದ್ಯೆ ಕಲಿಸಿದುದು, ವೃತ್ತಿಗೆ ಅನುಮತಿಪತ್ರವಿತ್ತುದು, ಕೊನೆಗೆ ಅವರ ಉತ್ಸವವನ್ನು ಮುಚ್ಚಿಸಿದುದು ಎಲ್ಲವೂ ಒಂದೇ ರಾಜ್ಯ. 1990ರಲ್ಲಿ ಆ ರಾಜ್ಯವೇ ಇಲ್ಲವಾದಾಗ ನಿಷೇಧದೊಡನೆ ಪೋಷಣೆಯೂ ಹೋಯಿತು. ಹಂಗಿನಲ್ಲಿದ್ದೂ ಮನೋಧರ್ಮವನ್ನು ಉಳಿಸಿಕೊಂಡವರನ್ನು ಅಳೆಯಲು, ಅವರು ಯಾರ ಅನ್ನ ಉಂಡರೆಂಬುದಕ್ಕಿಂತ ಏನನ್ನು ನುಡಿಸಿದರೆಂಬುದೇ ಉತ್ತಮವಾದ ಅಳತೆಗೋಲು. ಅರಮನೆಯ ಮತ್ತು ಆಕಾಶವಾಣಿಯ ಆಶ್ರಯದಲ್ಲಿ ಬೆಳೆದ ನಮ್ಮ ಸಂಗೀತದ ಚರಿತ್ರೆಯನ್ನು ಬರೆಯುವವರಿಗೂ ಈ ಮಾತು ಅನ್ವಯಿಸುತ್ತದೆ. ಪೈಟ್ಸ್‌ನ ಉತ್ಸವ 2011ರಲ್ಲಿ ಮತ್ತೆ ಆರಂಭವಾಯಿತು. ಅದನ್ನು ನಿಷೇಧಿಸಿದ ರಾಜ್ಯ ಅಷ್ಟರಲ್ಲಿ ಇತಿಹಾಸದ ಪುಟವನ್ನು ಸೇರಿ ಎರಡು ದಶಕಗಳು ಕಳೆದಿದ್ದವು.