ದೋಣಿಯ ಅಲ್ಯೂಮಿನಿಯಂ ಸಾಮಾನಿಗೆ ಕೈಯಿಂದ ಒಪ್ಪ ಹಾಕುವುದು

ಹಗ್ಗ ಸುತ್ತಿ ಕಟ್ಟುವ ಕ್ಲೀಟ್, ಹಗ್ಗಕ್ಕೆ ದಾರಿ ಕೊಡುವ ಚಾಕ್, ಡೆಕ್ಕಿನ ಅಂಚಿನ ಕಂಬಗಳನ್ನು ಹಿಡಿದು ನಿಲ್ಲಿಸುವ ಬುಡ, ಇಂಥ ಸಣ್ಣಪುಟ್ಟ ಲೋಹದ ಸಾಮಾನುಗಳು ಸಾಮಾನ್ಯವಾಗಿ ಅಂಗಡಿಯಲ್ಲೇ ಸಿಗುತ್ತವೆ. ಹಳೆಯ ದೋಣಿಯ ಮುರಿದ ಭಾಗಕ್ಕೆ ಜೋಡಿ ಬೇಕಾದಾಗ, ಅಥವಾ ಡೆಕ್ಕಿನ ಬಾಗಿಗೆ ಸರಿಯಾಗಿ ಕೂರುವಂಥದ್ದು ಎಲ್ಲೂ ಸಿಗದಾಗ, ಆ ಒಂದು ದೋಣಿಗೆಂದೇ ಅವನ್ನು ಅಲ್ಯೂಮಿನಿಯಂನಲ್ಲಿ ಎರಕ ಹೊಯ್ಯಿಸುತ್ತಾರೆ, ಇಲ್ಲವೆ ಗಟ್ಟಿಯಿಂದ ಕಡೆದು ತೆಗೆಸುತ್ತಾರೆ. ಹಾಗೆ ಬಂದ ಒರಟು ತುಂಡನ್ನು ಅರ, ಉಪ್ಪುಕಾಗದ, ಬಟ್ಟೆ ಮತ್ತು ಒಪ್ಪದ ಮುಲಾಮಿನಿಂದ ಉಜ್ಜಿ ನಯಗೊಳಿಸುವುದೇ ಕೈ ಒಪ್ಪ. ಇದನ್ನು ಅಲಂಕಾರವೆಂದು ಎಣಿಸುವವರೇ ಹೆಚ್ಚು, ಮಾಲೀಕನ ಶೋಕಿ ಎಂದು ನಗುವವರೂ ಇದ್ದಾರೆ. ಆ ಎಣಿಕೆ ಅರ್ಧ ಮಾತ್ರ ಸರಿ. ಹೊಳಪು ಕೊನೆಗೆ ಕೈಗೆ ಬರುವ ಲಾಭ. ಅದಕ್ಕೆ ಮುಂಚಿನ ಉಜ್ಜಾಟದಲ್ಲಿ ಎರಕದ ದೋಷ ಬಯಲಾಗುತ್ತದೆ, ಉಪ್ಪುನೀರು ನಿಲ್ಲುವ ಗೀರುಗಳು ಅಳಿಯುತ್ತವೆ, ಹಗ್ಗವನ್ನು ಕೊರೆಯುವ ಅಂಚು ಉರುಟಾಗುತ್ತದೆ. ಹೊತ್ತು ಹಿಡಿಯುವ ಈ ಕೆಲಸವನ್ನು ಸಮರ್ಥಿಸಬೇಕಾದದ್ದು ಅದರ ಆಧಾರದ ಮೇಲೆಯೇ.

ಮೊದಲು ಲೋಹದ ಸ್ವಭಾವ. ಅಲ್ಯೂಮಿನಿಯಂ ಗಾಳಿಗೆ ತೆರೆದ ಕ್ಷಣದಲ್ಲೇ ಆಮ್ಲಜನಕದೊಡನೆ ಕೂಡಿ ತನ್ನ ಮೇಲೆ 2ರಿಂದ 4 ನ್ಯಾನೊಮೀಟರ್ ದಪ್ಪದ ಪೊರೆ ಹೊದ್ದುಕೊಳ್ಳುತ್ತದೆ. ಈ ಪೊರೆ ಅಲ್ಯೂಮಿನಿಯಂ ಆಕ್ಸೈಡ್. ಮಾಣಿಕ್ಯ ಮತ್ತು ನೀಲಮಣಿಗಳೂ ಮೂಲತಃ ಇದೇ ವಸ್ತು. ಒಪ್ಪದ ಮುಲಾಮುಗಳಲ್ಲಿ ಉಜ್ಜುವ ಪುಡಿಯಾಗಿ ಬೆರೆಸುವ ಅಲ್ಯೂಮಿನಾ ಕೂಡ ಬೇರೆಯಲ್ಲ. ಬೆಳಗಾವಿಯಲ್ಲಿ ಬಾಕ್ಸೈಟಿನಿಂದ ತಯಾರಾಗುವುದು ಅದೇ. ಪಿಎಚ್ ಸುಮಾರು 4ರಿಂದ 8.5ರ ನಡುವೆ ಇರುವವರೆಗೆ ಪೊರೆ ಗಟ್ಟಿಯಾಗಿ ನಿಲ್ಲುತ್ತದೆ, ಅದರಾಚೆಗೆ ಕರಗುತ್ತದೆ. ಹಿತ್ತಾಳೆ ಪಾತ್ರೆಯನ್ನು ಹುಣಿಸೆಹಣ್ಣು, ಬೂದಿ ಹಾಕಿ ಬೆಳಗಿದ ಕೈ ಅಲ್ಯೂಮಿನಿಯಂ ಪಾತ್ರೆಗೂ ಬೂದಿ ಹಾಕಿದರೆ ಅದು ಮಂಕಾಗುವುದು ಇದೇ ಕಾರಣಕ್ಕೆ: ಬೂದಿ ಕ್ಷಾರ. ಸಮುದ್ರದ ನೀರಿನ ಪಿಎಚ್ ಸುಮಾರು 8, ಅಂದರೆ ಪೊರೆಗೆ ಅಷ್ಟೇನೂ ಹಗೆಯಲ್ಲ. ಹಗೆ ಇರುವುದು ಅದರ ಉಪ್ಪಿನಲ್ಲಿ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಲೋರೈಡ್. ಪೊರೆ ಎಲ್ಲಿ ದುರ್ಬಲವೋ ಅಲ್ಲಿ ಕ್ಲೋರೈಡ್ ತೂತು ಕೊರೆಯುತ್ತದೆ, ಸೂಜಿಮೊನೆಯಷ್ಟು ಗುಳಿ ಬಿದ್ದು ಅದರ ಬಾಯಲ್ಲಿ ಬಿಳಿ ಪುಡಿ ಕಟ್ಟುತ್ತದೆ. ಆಳವಾದ ಗೀರಿನ ತಳ, ಎರಕದ ಮರಳು ಕಚ್ಚಿದ ಗುರುತು, ಮೈಯಲ್ಲಿ ಹೂತುಕೊಂಡ ಕಬ್ಬಿಣದ ಚೂರು ಇವೆಲ್ಲ ಗುಳಿಗೆ ತಯಾರಾದ ಜಾಗಗಳು. ಒಪ್ಪ ಹಾಕಿದ ಮೇಲೂ ಪೊರೆಯ ದಪ್ಪ ಹೆಚ್ಚುವುದಿಲ್ಲ. ಹೆಚ್ಚೆಂದರೆ ಅದು ಸಮನಾಗಿ ಹರಡಲು ಸಮತಟ್ಟಾದ ನೆಲ ಸಿಗುತ್ತದೆ, ತೇವ ಬೇಗ ಜಾರಿ ಒಣಗುತ್ತದೆ.

ಹೊಳಪಿನಿಂದ ಆಗದ್ದೇನು ಎಂಬುದಕ್ಕೆ 1895ರ ಡಿಫೆಂಡರ್ ನೌಕೆಗಿಂತ ಒಳ್ಳೆಯ ಸಾಕ್ಷಿ ಸಿಗಲಾರದು. ಅಮೆರಿಕದ ರೋಡ್ ಐಲೆಂಡಿನ ಬ್ರಿಸ್ಟಲ್‌ನಲ್ಲಿ ನಥಾನಿಯಲ್ ಹೆರೆಶಾಫ್ ಅದನ್ನು ಕಟ್ಟಿದಾಗ ತೂಕ ಇಳಿಸಲು ನೀರಿನ ಮೇಲಿನ ಒಡಲಿಗೆ ಅಲ್ಯೂಮಿನಿಯಂ, ನೀರಿನ ಕೆಳಗಿನದಕ್ಕೆ ಕಂಚಿನ ಜಾತಿಯ ಲೋಹ, ಒಳಗಿನ ಚೌಕಟ್ಟಿಗೆ ಉಕ್ಕು ಬಳಸಿದ್ದ. ಎದುರಾಳಿ ನೌಕೆ ವಾಲ್ಕಿರಿ-3ನ್ನು ಸೋಲಿಸಿ ಹಾಯಿದೋಣಿ ಪಂದ್ಯದ ಅಮೆರಿಕ ಕಪ್ ಉಳಿಸಿಕೊಂಡ ಆ ನೌಕೆಯನ್ನು 1901ರಲ್ಲಿ ಒಡೆದುಹಾಕಬೇಕಾಯಿತು. ಉಪ್ಪುನೀರಿನಲ್ಲಿ ಎರಡು ಲೋಹ ತಾಗಿಕೊಂಡರೆ ಅದು ಒಂದು ಬ್ಯಾಟರಿಯೇ. ಕಂಚಿನ ಜೊತೆ ಅಲ್ಯೂಮಿನಿಯಂ ಸೇರಿದಾಗ ಕರಗುವ ಪಾಳಿ ಯಾವಾಗಲೂ ಅಲ್ಯೂಮಿನಿಯಂನದು. ಆದ್ದರಿಂದ ಕನ್ನಡಿಯಂತೆ ಬೆಳಗಿದ ಕ್ಲೀಟನ್ನೂ ಸ್ಟೇನ್‌ಲೆಸ್ ಉಕ್ಕಿನ ಬೋಲ್ಟಿನಿಂದ ನೇರವಾಗಿ ಬಿಗಿದರೆ ಬೋಲ್ಟಿನ ತಲೆಯ ಸುತ್ತ ಬಿಳಿ ಪುಡಿ ಏಳುತ್ತದೆ. ನೈಲಾನ್ ವಾಷರ್, ಬೋಲ್ಟಿಗೆ ಸವರುವ ತಡೆಮುಲಾಮು, ಬುಡಕ್ಕೆ ಸೀಲೆಂಟ್ ಇಲ್ಲದೆ ಒಪ್ಪಕ್ಕೆ ಅರ್ಥವಿಲ್ಲ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ: ಕ್ಲೀಟಿನ ಅಡಿಭಾಗಕ್ಕೆ ಒಪ್ಪ ಹಾಕಲೇಬಾರದು. ಅಲ್ಲಿ ಬೇಕಾದದ್ದು ಮಟ್ಟಸ, ಹೊಳಪು ಬೇಡ. ತೀರಾ ನುಣುಪಾದ ಮೈಗೆ ಸೀಲೆಂಟ್ ಸರಿಯಾಗಿ ಕಚ್ಚುವುದಿಲ್ಲ, ಸಡಿಲಾದ ಸಂದಿನಲ್ಲಿ ನಿಂತ ಉಪ್ಪುನೀರು ಕಣ್ಣಿಗೆ ಬೀಳದಂತೆ ಲೋಹವನ್ನು ತಿನ್ನುತ್ತದೆ.

ಕೆಲಸವನ್ನು ಹತ್ತಿರದಿಂದ ನೋಡೋಣ. ಮರಳಿನ ಅಚ್ಚಿನಿಂದ ತೆಗೆದ ಗೇಣುದ್ದದ ಕ್ಲೀಟ್ ಎಂದಿಟ್ಟುಕೊಳ್ಳಿ. ಎರಡು ಕೊಂಬು, ನಡುವೆ ಸೊಂಟ, ಮೈಯೆಲ್ಲ ಮರಳಿನ ಚರ್ಮ, ಅಚ್ಚಿನ ಎರಡು ಹೋಳು ಸೇರಿದ ಕಡೆ ಒಂದು ಏಣು. ಮೊದಲು ಅರ್ಧವೃತ್ತಾಕಾರದ ಅರದಿಂದ ಏಣನ್ನು ಇಳಿಸಬೇಕು. ಅಲ್ಯೂಮಿನಿಯಂ ಮೆತುವಾದ್ದರಿಂದ ಅರದ ಹಲ್ಲುಗಳ ನಡುವೆ ಸಿಕ್ಕಿಕೊಳ್ಳುತ್ತದೆ, ಹಾಗೆ ಸಿಕ್ಕ ಒಂದು ಚೂರು ಮುಂದಿನ ಎಳೆತದಲ್ಲಿ ಆಳವಾದ ಗೀರು ಎಳೆಯುತ್ತದೆ. ಅನುಭವಿಗಳು ಅದಕ್ಕೇ ಅರಕ್ಕೆ ಸೀಮೆಸುಣ್ಣ ಉಜ್ಜಿಕೊಂಡು ಕೂರುತ್ತಾರೆ. ಆಮೇಲೆ ಉಪ್ಪುಕಾಗದ, ಸೀಮೆಎಣ್ಣೆಯಲ್ಲೋ ಸೋಪಿನ ನೀರಿನಲ್ಲೋ ನೆನೆಸಿದ್ದು. 180ನೆಯ ನಂಬರಿನ ಕಾಗದದ ಕಣ ಸುಮಾರು 80 ಮೈಕ್ರಾನ್, 400ರದು 35, 1200ರದು 15. ಒಂದೊಂದು ನಂಬರನ್ನೂ ಹಿಂದಿನದಕ್ಕೆ ಅಡ್ಡಲಾಗಿ ಉಜ್ಜಿ, ಹಿಂದಿನ ಗೀರು ಒಂದೂ ಉಳಿಯದಂತಾದ ಮೇಲೆಯೇ ಮುಂದಿನದಕ್ಕೆ ಹೋಗುವುದು ನಿಯಮ. ಅವಸರದಲ್ಲಿ ಒಂದು ನಂಬರು ಹಾರಿಸಿದರೆ ಆ ತಪ್ಪು ಆಗ ಕಾಣುವುದಿಲ್ಲ. ಮಂಕು ಮೈಯಲ್ಲಿ ಅಡಗಿದ್ದ 180ರ ಗೀರು ಮುಲಾಮು ಹಚ್ಚಿ ಬಟ್ಟೆಯಲ್ಲಿ ತಿಕ್ಕಿದಾಗ ಎದ್ದು ಕುಳಿತು ಅಣಕಿಸುತ್ತದೆ, ಮತ್ತೆ ಮೊದಲಿನಿಂದ. ಬಟ್ಟೆ ಕಪ್ಪಾಗುತ್ತ ಹೋಗುವುದನ್ನು ಕಂಡು ಕೊಳೆ ಬಿಡುತ್ತಿದೆ ಎಂದುಕೊಳ್ಳುವವರಿದ್ದಾರೆ. ಆ ಕಪ್ಪು ಅತಿ ಸಣ್ಣ ಕಣವಾಗಿ ಎದ್ದ ಅಲ್ಯೂಮಿನಿಯಂ. ಕಾಗದದ ವಿಷಯದಲ್ಲಿ ಒಂದು ಮಡಿ ಮಾತ್ರ ಪಾಲಿಸಲೇಬೇಕು: ಉಕ್ಕಿಗೆ ಬಳಸಿದ ಕಾಗದವನ್ನಾಗಲಿ ಉಕ್ಕಿನ ನಾರನ್ನಾಗಲಿ ಇಲ್ಲಿ ತರಬಾರದು. ಅವು ಬಿಟ್ಟುಹೋದ ಕಬ್ಬಿಣದ ಕಣ ಒಂದೊಂದೂ ಒಂದೊಂದು ಗುಳಿಗೆ ಬೀಜ.

ಇಷ್ಟೆಲ್ಲ ಕಷ್ಟವೇಕೆ, ಬಫಿಂಗ್ ಯಂತ್ರಕ್ಕೆ ಹಿಡಿದರೆ ಕಾಲು ಗಂಟೆಯ ಕೆಲಸವಲ್ಲವೇ ಎಂಬುದು ಮೊದಲ ಆಕ್ಷೇಪ. ಅಗಲವಾದ, ಸಪಾಟಾದ ತಗಡಿಗೆ ಈ ಮಾತು ನಿಜ, ಅಲ್ಲಿ ಕೈಯೇ ಬೇಕೆಂಬ ಹಟ ವ್ಯರ್ಥ. ಕ್ಲೀಟಿನ ಸೊಂಟದಂಥ ಒಳಬಾಗಿಗೆ ಬಟ್ಟೆಚಕ್ರ ಪೂರ್ತಿ ಹೋಗುವುದಿಲ್ಲ, ಚೂಪಾಗಿರಬೇಕಾದ ಗೆರೆಗಳನ್ನು ಮಾತ್ರ ಕರಗಿಸಿಬಿಡುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಎರಕದ ರಂಧ್ರಗಳದು. ಕರಗಿದ ಅಲ್ಯೂಮಿನಿಯಂ ಹೈಡ್ರೊಜನ್ ಅನಿಲವನ್ನು ಹೀರಿಕೊಳ್ಳುತ್ತದೆ, ಗಟ್ಟಿಯಾಗುವಾಗ ಅದನ್ನು ಹೊರಗೆ ದೂಡುತ್ತದೆ. ಹೊರಗೆ ಹೋಗಲಾಗದ ಅನಿಲ ಒಳಗೇ ಗುಳ್ಳೆಗಳಾಗಿ ಉಳಿಯುತ್ತದೆ. ವೇಗದ ಚಕ್ರದ ಬಿಸಿ ಮತ್ತು ಒತ್ತಡದಲ್ಲಿ ಮೆತು ಲೋಹ ಗುಳ್ಳೆಯ ಬಾಯ ಮೇಲೆ ಹರಿದು ಮುಚ್ಚಿಕೊಳ್ಳುತ್ತದೆ. ತುಂಡು ಥಳಥಳಿಸುತ್ತದೆ, ಆದರೆ ಒಳಗೆ ಟೊಳ್ಳು. ಕೈಯಲ್ಲಿ, ಒದ್ದೆ ಕಾಗದದಲ್ಲಿ ನಿಧಾನವಾಗಿ ಉಜ್ಜಿದಾಗ ಅದೇ ಗುಳ್ಳೆ ಗುಂಡುಸೂಜಿಯ ತಲೆಯಂಥ ಕಪ್ಪು ಚುಕ್ಕೆಯಾಗಿ ತೋರುತ್ತದೆ. ಕೊಂಬು ಸೊಂಟಕ್ಕೆ ಸೇರುವ ಜಾಗದಲ್ಲಿ ಅಂಥ ಚುಕ್ಕೆಗಳ ಗುಂಪು ಕಂಡರೆ ತುಂಡನ್ನು ಮತ್ತೆ ಕುಲುಮೆಗೆ ಹಾಕುವುದೇ ಲೇಸು, ಏಕೆಂದರೆ ಬಿರುಗಾಳಿಯಲ್ಲಿ ದೋಣಿಯ ಭಾರವೆಲ್ಲ ಬೀಳುವುದು ಅಲ್ಲಿಗೇ. ಯಂತ್ರದ ಇನ್ನೊಂದು ಅಪಾಯ ಧೂಳು. 2014ರ ಆಗಸ್ಟ್ 2ರಂದು ಚೀನಾದ ಕುನ್‌ಶಾನ್‌ನಲ್ಲಿ ಅಲ್ಯೂಮಿನಿಯಂ ಚಕ್ರಗಳಿಗೆ ಒಪ್ಪ ಹಾಕುವ ಕಾರ್ಖಾನೆಯೊಂದರಲ್ಲಿ ಸೇರಿಕೊಂಡಿದ್ದ ಲೋಹದ ಧೂಳು ಸ್ಫೋಟಿಸಿ ಅಂದೇ 75 ಜನ ಸತ್ತರು, ಸಾವಿನ ಸಂಖ್ಯೆ ಮುಂದೆ 146ಕ್ಕೆ ಏರಿತು. ಒದ್ದೆ ಉಜ್ಜಿಕೆಯಲ್ಲಿ ಧೂಳು ಗಾಳಿಗೆ ಏಳುವುದೇ ಇಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಆನೊಡೈಸ್ ಮಾಡಿಸಿದರೆ ಮುಗಿಯಿತಲ್ಲ, ಕೈ ಒಪ್ಪ ಯಾಕೆ? ವಿದ್ಯುತ್ತಿನಿಂದ ಪೊರೆಯನ್ನು ದಪ್ಪಗೊಳಿಸುವ ಈ ವಿಧಾನವನ್ನು 1923ರಲ್ಲಿ ಬ್ರಿಟನ್ನಿನ ಬೆನ್‌ಗೋ ಮತ್ತು ಸ್ಟುವರ್ಟ್ ರೂಪಿಸಿದ್ದೇ ನೀರಿನ ಮೇಲಿಳಿಯುವ ವಿಮಾನಗಳ ಭಾಗಗಳನ್ನು ಉಪ್ಪಿನಿಂದ ಕಾಯಲು. ಸ್ವಾಭಾವಿಕ ಪೊರೆ ನ್ಯಾನೊಮೀಟರುಗಳಲ್ಲಿ, ಆನೊಡೈಸ್ ಪದರ 25 ಮೈಕ್ರಾನಿನ ಆಸುಪಾಸಿನಲ್ಲಿ. ರಕ್ಷಣೆಯಲ್ಲಿ ಒಪ್ಪ ಅದಕ್ಕೆ ಸಾಟಿಯೇ ಅಲ್ಲ, ಒಪ್ಪಿಕೊಳ್ಳಬೇಕು. ಆದರೆ ಆ ಪದರ ಕೆಳಗಿನ ಮೈಯನ್ನು ಮುಚ್ಚುವುದಿಲ್ಲ, ಇದ್ದಂತೆ ನಕಲು ಮಾಡುತ್ತದೆ. ಗೀರು ಇದ್ದಲ್ಲಿ ಗೀರು, ರಂಧ್ರ ಇದ್ದಲ್ಲಿ ರಂಧ್ರ. ಚೂಪು ಅಂಚಿನಲ್ಲಿ ಎರಡೂ ಬದಿಯಿಂದ ಬೆಳೆದ ಪದರ ಮೂಲೆಯಲ್ಲಿ ಕೂಡದೆ ಬಿರುಕು ಬಿಡುತ್ತದೆ. ಹೀಗಾಗಿ ಅಂಚು ಉರುಟಾಗಿಸಿ ಒಪ್ಪ ಹಾಕುವ ಕೆಲಸ ಆನೊಡೈಸಿಗೆ ಎದುರಾಳಿಯಾಗುವ ಬದಲು ಅದರ ಮೊದಲ ಹಂತವಾಗುತ್ತದೆ. ಮಿಶ್ರಲೋಹದ ಆಯ್ಕೆಯೂ ಇಲ್ಲೇ ನಿರ್ಧಾರವಾಗಬೇಕು. ಸುಲಭವಾಗಿ ಎರಕವಾಗುವ 356ರಲ್ಲಿ ಸುಮಾರು ಶೇ. 7 ಸಿಲಿಕಾನ್ ಇದ್ದು, ಆನೊಡೈಸ್ ಮಾಡಿದರೆ ಬೂದುಗಪ್ಪಾಗುತ್ತದೆ. ಹತ್ತಿರ ಹತ್ತಿರ ಅಷ್ಟೇ ಮೆಗ್ನೀಸಿಯಂ ಇರುವ 535 ಎರಕದಲ್ಲಿ ಹಟಮಾರಿ, ಒಪ್ಪಕ್ಕೂ ಉಪ್ಪಿಗೂ ಒಳ್ಳೆಯದು. ಗಟ್ಟಿಯಿಂದ ಕಡೆಯುವುದಾದರೆ 6061 ಸಾಕು.

ಒಪ್ಪವೇ ಹಾನಿ ಮಾಡುತ್ತದೆ ಎನ್ನುವವರ ವಾದವನ್ನು ತಳ್ಳಿಹಾಕುವಂತಿಲ್ಲ. ಉಜ್ಜಿದ ಲೋಹದ ತೀರಾ ಮೇಲಿನ ಪದರ ಕೆಳಗಿನಂತೆ ಇರುವುದಿಲ್ಲ ಎಂದು ಜಾರ್ಜ್ ಬೀಲ್ಬಿ 1921ರಲ್ಲೇ ವಾದಿಸಿದ್ದ. ಲೋಹ ದ್ರವದಂತೆ ಹರಿದು ಗಾಜಿನ ಹಾಗಾಗುತ್ತದೆ ಎಂಬ ಅವನ ವಿವರಣೆ ಮುಂದೆ ನಿಲ್ಲಲಿಲ್ಲ, ಆದರೆ ಜಜ್ಜಿಹೋದ ಪದರವೊಂದು ಇರುವುದು ಸುಳ್ಳಲ್ಲ. ಜೋರಾಗಿ ಗ್ರೈಂಡ್ ಮಾಡಿದ ಅಲ್ಯೂಮಿನಿಯಂ ತಗಡಿನಲ್ಲಿ ಈ ಪದರವೇ ಬಣ್ಣದಡಿ ದಾರದಂತೆ ಹಬ್ಬುವ ಸವೆತಕ್ಕೆ ದಾರಿ ಮಾಡಿಕೊಡುತ್ತದೆ. ಕೈಯ ಹಗುರ ಒತ್ತಡದಲ್ಲಿ ಪದರ ತೆಳುವಾಗುತ್ತದೆ, ಪ್ರತಿಯೊಂದು ನಂಬರೂ ಹಿಂದಿನದು ಜಜ್ಜಿದ್ದನ್ನು ತೆಗೆದುಹಾಕುತ್ತದೆ. ನಂಬರು ಹಾರಿಸಬಾರದು ಎಂಬ ನಿಯಮಕ್ಕೆ ಅಂದದ ಹೊರತಾದ ಕಾರಣವೂ ಇದೇ. ಬಣ್ಣ ಬಳಿಯುವ ಭಾಗವಾದರೆ ಮಾತ್ರ ಒಪ್ಪದ ಗೋಜಿಗೆ ಹೋಗದಿರುವುದು ಜಾಣತನ, ಅಲ್ಲಿ ಬೇಕಾದದ್ದು ಸ್ವಚ್ಛವಾದ ಒರಟು ಮೈ.

ದುಡಿಯುವ ದೋಣಿಗಳನ್ನು ನೋಡಿ, 5083 ಮಿಶ್ರಲೋಹದ ತಗಡಿನ ಒಡಲನ್ನು ಬಣ್ಣವೂ ಇಲ್ಲದೆ ಬಿಟ್ಟಿರುತ್ತಾರೆ, ಏನಾಗಿದೆ ಎಂದು ಕೇಳಬಹುದು. ಏನೂ ಆಗುವುದಿಲ್ಲ. ಮಂಕು ಬೂದುಬಣ್ಣಕ್ಕೆ ತಿರುಗಿದ ಒಡಲು ತನ್ನ ಪೊರೆಯಡಿ ದಶಕಗಳ ಕಾಲ ಸುಖವಾಗಿರುತ್ತದೆ, ಅದನ್ನು ಉಜ್ಜುವುದು ವೃಥಾ ಶ್ರಮ. ಒಡಲಿಗೆ ನೀರು ಮಾತ್ರ ತಾಗುತ್ತದೆ, ಕ್ಲೀಟಿಗೆ ಹಗ್ಗ ಮತ್ತು ಕೈ. ಅಲೆಗೆ ದೋಣಿ ಕುಲುಕಿದಾಗೆಲ್ಲ ಹಗ್ಗ ಕೊಂಬಿನ ಮೇಲೆ ಕೂದಲೆಳೆಯಷ್ಟು ಜಾರಿ ಬಿಗಿಯುತ್ತದೆ, ರಾತ್ರಿಯೆಲ್ಲ. ಒರಟು ಎರಕದ ಮೈ ನೈಲಾನಿನ ಎಳೆಗಳನ್ನು ಒಂದೊಂದಾಗಿ ಕತ್ತರಿಸುತ್ತದೆ. ಒಪ್ಪ ಹಾಕಿದ ಕ್ಲೀಟಾದರೂ ಆನೊಡೈಸ್ ಇಲ್ಲದಿದ್ದರೆ ಸಿಹಿನೀರಿನಲ್ಲಿ ತೊಳೆಯುತ್ತಿರಬೇಕು, ಆಗಾಗ ಮೇಣ ಹಚ್ಚಬೇಕು. ಆನೊಡೈಸ್ ಆಗಿದ್ದರೆ ಒಪ್ಪದ ಮುಲಾಮನ್ನು ಹತ್ತಿರಕ್ಕೂ ತರಬಾರದು, ಅದು ಪದರವನ್ನೇ ತಿಂದುಹಾಕುತ್ತದೆ. ಬರಿಮೈಯ ಕ್ಲೀಟನ್ನು ಮತ್ತೆ ಯಾವಾಗ ಉಜ್ಜಬೇಕು ಎಂಬುದು ಮೊದಲು ತಿಳಿಯುವುದು ಹಗ್ಗದಲ್ಲಿ: ಸುತ್ತು ಬಿಚ್ಚಿದಾಗ ಬಿಳಿ ಎಳೆಗಳ ಮೇಲೆ ಬೂದು ಗೆರೆ ಮೂಡಿದ್ದರೆ, ಸೊಂಟದ ಒಳಬಾಗಿನಲ್ಲಿ ಬೆರಳಾಡಿಸಿ ನೋಡಬೇಕು.