ಹಣ ಯಾರ ಕೈಗೆ? ಇಂಗ್ಲೆಂಡಿನ ಕುಟುಂಬ ಭತ್ಯೆಯ ಇತಿಹಾಸ

ಎಲಿನರ್ ರಾತ್‌ಬೋನ್ ಎಂಬ ಹೆಸರು ಭಾರತೀಯರ ನೆನಪಿನಲ್ಲಿ ಉಳಿದಿದ್ದರೆ ಅದು ಸವಿನೆನಪಾಗಿಯಲ್ಲ. 1941ರಲ್ಲಿ ಅವರು ಭಾರತೀಯರಿಗೆ ಬರೆದ ಬಹಿರಂಗ ಪತ್ರಕ್ಕೆ ರವೀಂದ್ರನಾಥ ಠಾಕೂರರು ರೋಗಶಯ್ಯೆಯಿಂದಲೇ ಕೊಟ್ಟ ತೀಕ್ಷ್ಣವಾದ ಉತ್ತರ ಪ್ರಸಿದ್ಧವಾಗಿದೆ. ಅದಕ್ಕೂ ಮೊದಲು, 1929ರಲ್ಲಿ, ಭಾರತದ ಸ್ತ್ರೀಯರ ಸ್ಥಿತಿಯನ್ನು ಕುರಿತು ಅವರ ಮುಂದಾಳುತನದಲ್ಲಿ ಲಂಡನ್ನಿನಲ್ಲಿ ಸೇರಿದ ಸಮ್ಮೇಳನದಲ್ಲಿ, ಹುಬ್ಬಳ್ಳಿಯಲ್ಲಿ ಹುಟ್ಟಿದ ಧನವಂತಿ ರಾಮರಾವ್ ಅವರು ಎದ್ದುನಿಂತು, ಭಾರತವನ್ನು ಕಣ್ಣಾರೆ ಕಾಣದವರೂ ಸೇರಿದಂತೆ ಬ್ರಿಟಿಷರೇ ಭಾಷಣಕಾರರಾಗಿರುವ ಇಂತಹ ಸಭೆಗೆ ಅಧಿಕಾರವೇನೆಂದು ಪ್ರಶ್ನಿಸಿದ್ದರು. (ಮುಂದೆ ರಿಸರ್ವ್ ಬ್ಯಾಂಕಿನ ಗವರ್ನರಾದ ಬೆನೆಗಲ್ ರಾಮರಾಯರ ಪತ್ನಿ ಈಕೆ.) ಈ ಆಕ್ಷೇಪಗಳು ನ್ಯಾಯವಾದವುಗಳೇ ಸರಿ. ಆದರೆ ತಮ್ಮ ನಾಡಿನ ಬಡ ತಾಯಂದಿರ ಪರವಾಗಿ ಅದೇ ಮಹಿಳೆ ಸುಮಾರು 30 ವರ್ಷಗಳ ಕಾಲ ನಡೆಸಿದ ಹೋರಾಟವನ್ನು ಈ ಅಳತೆಗೋಲಿನಿಂದ ಅಳೆಯುವುದು ಉಚಿತವಾಗಲಾರದು.

ಲಿವರ್‌ಪೂಲಿನ ಶ್ರೀಮಂತ ವರ್ತಕ ಮನೆತನಕ್ಕೆ ಸೇರಿದ ರಾತ್‌ಬೋನ್ (ಜನನ 1872) ಆಕ್ಸ್‌ಫರ್ಡಿನಲ್ಲಿ ವಿದ್ಯಾಭ್ಯಾಸ ಮುಗಿಸಿ ಹಿಂದಿರುಗಿದ ಬಳಿಕ ಬಂದರಿನ ದಿನಗೂಲಿಗಳ ಬದುಕನ್ನು ಪರಿಶೀಲಿಸಹತ್ತಿದರು. ಅಲ್ಲಿ ಕೂಲಿಯಾಳಿಗೆ ಒಂದು ದಿನ ಕೆಲಸವುಂಟು, ಮರುದಿನ ಇಲ್ಲ. ವಾರದ ಕೊನೆಗೆ ಕೈಗೆ ಬರುವುದೆಷ್ಟೆಂಬುದನ್ನು ಅರಿಯದೆಯೇ ಅವನ ಹೆಂಡತಿ ಸಂಸಾರ ತೂಗಿಸಬೇಕಾಗಿತ್ತು. 1914ರಲ್ಲಿ ಮಹಾಯುದ್ಧ ಆರಂಭವಾಯಿತು. ಸೈನಿಕರ ಪತ್ನಿಯರಿಗೆ ಮಕ್ಕಳ ಸಂಖ್ಯೆಯನ್ನನುಸರಿಸಿ ಸರಕಾರವು ವಾರವಾರವೂ ಭತ್ಯೆ ಕೊಡತೊಡಗಿತು. ಲಿವರ್‌ಪೂಲಿನಲ್ಲಿ ಸೈನಿಕ ಕುಟುಂಬಗಳ ನೆರವಿನ ಕಾರ್ಯವನ್ನು ನೋಡಿಕೊಳ್ಳುತ್ತಿದ್ದ ರಾತ್‌ಬೋನರಿಗೆ ಇದೊಂದು ಹೊಸ ದರ್ಶನವಾಯಿತು. ಗಂಡ ರಣರಂಗದಲ್ಲಿದ್ದರೂ, ಗೊತ್ತಾದ ದಿನ ಗೊತ್ತಾದ ಮೊತ್ತ ಹೆಂಡತಿಯ ಕೈಗೇ ಬರುತ್ತಿತ್ತು. ಯುದ್ಧಕಾಲದಲ್ಲಿ ಸಾಧ್ಯವಾದುದು ಶಾಂತಿಕಾಲದಲ್ಲಿ ಏಕೆ ಸಾಧ್ಯವಾಗಬಾರದು?

ಈ ಪ್ರಶ್ನೆಯಿಂದಲೇ 1917ರಲ್ಲಿ ಒಂದು ಚಿಕ್ಕ ಸಮಿತಿ ಹುಟ್ಟಿತು. ಅದೇ ಮುಂದೆ ಕುಟುಂಬ ಭತ್ಯೆಗಾಗಿ ದುಡಿದ 'ಫ್ಯಾಮಿಲಿ ಎಂಡೋಮೆಂಟ್ ಸೊಸೈಟಿ'ಯಾಯಿತು. ಅದರ ವಾದಸರಣಿಯನ್ನೆಲ್ಲ ರಾತ್‌ಬೋನರು 1924ರಲ್ಲಿ 'ದಿ ಡಿಸ್‌ಇನ್‌ಹೆರಿಟೆಡ್ ಫ್ಯಾಮಿಲಿ' ಎಂಬ ಗ್ರಂಥದಲ್ಲಿ ಮಂಡಿಸಿದರು. ಗಂಡ, ಹೆಂಡತಿ, ಮೂವರು ಮಕ್ಕಳು, ಹೀಗೆ ಐವರ ಹೊಟ್ಟೆ ತುಂಬುವಷ್ಟು ಕೂಲಿ ಪ್ರತಿಯೊಬ್ಬ ಗಂಡಸಿಗೂ ದೊರೆಯತಕ್ಕದ್ದೆಂಬುದು ಅಂದಿನ ಕಾರ್ಮಿಕ ಚಳವಳಿಯ ಬೇಡಿಕೆ. ಇದು ಕೇಳಲು ನ್ಯಾಯವಾಗಿಯೇ ಇದೆ. ಆದರೆ ರಾತ್‌ಬೋನರು ಜನಗಣತಿಯ ಅಂಕಿಗಳನ್ನು ಮುಂದಿಟ್ಟು, ಹಾಗೆ ಮಾಡಿದರೆ ಅವಿವಾಹಿತನಿಗೂ ಮಕ್ಕಳಿಲ್ಲದವನಿಗೂ ಸೇರಿ ಎಲ್ಲಿಯೂ ಇರದ 1 ಕೋಟಿ 60 ಲಕ್ಷ ಮಕ್ಕಳ ಪಾಲನ್ನು ಕೊಟ್ಟಂತಾಗುವುದೆಂದು ತೋರಿಸಿದರು. ಇತ್ತ ನಾಲ್ಕನೆಯ ಅಥವಾ ಐದನೆಯ ಮಗುವಾಗಿ ಹುಟ್ಟಿದ ಕೂಸಿಗೆ ಪಾಲೇ ಇಲ್ಲ. ಕೂಲಿಯು ಕೆಲಸವನ್ನು ನೋಡುತ್ತದೆಯೇ ಹೊರತು ಮನೆಯಲ್ಲಿ ಉಣ್ಣುವ ಬಾಯಿಗಳನ್ನು ಎಣಿಸುವುದಿಲ್ಲ. ಆದುದರಿಂದ ಮಕ್ಕಳ ಪೋಷಣೆಯ ವೆಚ್ಚವನ್ನು ಕೂಲಿಯಿಂದ ಬೇರ್ಪಡಿಸಿ ಸಮಾಜವೇ ಹೊರಬೇಕೆಂಬುದು ಅವರ ಸಿದ್ಧಾಂತ.

ಈ ಗ್ರಂಥವನ್ನೋದಿ ಮನಸ್ಸು ಬದಲಿಸಿದವರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿನ ನಿರ್ದೇಶಕರಾಗಿದ್ದ ವಿಲಿಯಮ್ ಬೆವರಿಜ್ ಒಬ್ಬರು. ಅವರು ತಮ್ಮ ಸಂಸ್ಥೆಯ ಅಧ್ಯಾಪಕರಿಗೇ ಮಕ್ಕಳ ಭತ್ಯೆಯನ್ನು ಜಾರಿಗೆ ತಂದರು. ಕಾರ್ಮಿಕ ಸಂಘಗಳು ಮಾತ್ರ ಒಲಿಯಲಿಲ್ಲ. ಮಕ್ಕಳಿಗೆ ಸರಕಾರ ಉಣ್ಣಿಸಿದರೆ ಮಾಲಿಕನು ಕೂಲಿಯನ್ನು ಇಳಿಸದೆ ಬಿಟ್ಟಾನೆಯೇ ಎಂಬುದು ಅವುಗಳ ಅಂಜಿಕೆ. ಅಂಜಿಕೆ ನಿರಾಧಾರವಾದುದೆಂದು ಹೇಳುವಂತಿರಲಿಲ್ಲ. 1930ರಲ್ಲಿ ಟ್ರೇಡ್ಸ್ ಯೂನಿಯನ್ ಕಾಂಗ್ರೆಸ್ಸು ಈ ಸೂಚನೆಯನ್ನು ತಳ್ಳಿಹಾಕಿತು. ಅದು ಒಪ್ಪಿದ್ದು 1942ರಲ್ಲಿ. ನಡುವಿನ ವರ್ಷಗಳಲ್ಲಿ, 1929ರಿಂದ ಪಕ್ಷೇತರ ಸದಸ್ಯೆಯಾಗಿ ಪಾರ್ಲಿಮೆಂಟಿನಲ್ಲಿದ್ದ ರಾತ್‌ಬೋನರು ಎಲ್ಲ ಪಕ್ಷಗಳ ಬಾಗಿಲನ್ನೂ ತಟ್ಟಿದರು. ಮುಂದೆ ಭಾರತಮಂತ್ರಿಯಾದ ಕನ್ಸರ್ವೇಟಿವ್ ಪಕ್ಷದ ಲಿಯೊ ಆಮರಿ ಕೂಡ ಈ ವಿಷಯದಲ್ಲಿ ಅವರ ಬೆಂಬಲಿಗರಾಗಿದ್ದರೆಂಬುದು ಸೋಜಿಗವೆನಿಸಬಹುದು.

ಎರಡನೆಯ ಮಹಾಯುದ್ಧವು ಗಾಳಿಯ ದಿಕ್ಕನ್ನೇ ಬದಲಿಸಿತು. 1942ರ ಬೆವರಿಜ್ ವರದಿಯು ಮೊದಲನೆಯ ಮಗುವನ್ನು ಬಿಟ್ಟು ಉಳಿದ ಪ್ರತಿ ಮಗುವಿಗೂ ವಾರಕ್ಕೆ 8 ಷಿಲಿಂಗುಗಳನ್ನು ಶಿಫಾರಸು ಮಾಡಿತು. ಸರಕಾರ ಅದನ್ನು 5 ಷಿಲಿಂಗುಗಳಿಗೆ ಇಳಿಸಿತು. 1945ರಲ್ಲಿ ಮಸೂದೆ ಸಭೆಯ ಮುಂದೆ ಬಂದಾಗ, ಭತ್ಯೆಯು ತಂದೆಗೆ ಸಲ್ಲತಕ್ಕದ್ದೆಂದು ಅದರಲ್ಲಿ ಬರೆದಿತ್ತು! ಲೆಕ್ಕಪತ್ರದ ದೃಷ್ಟಿಯಿಂದ ನೋಡಿದರೆ ರಶೀದಿಗೆ ಯಾರ ರುಜು ಬಿದ್ದರೂ ಮೊತ್ತ ಒಂದೇ. ಆದರೆ ತಾಯಿಯ ಹಕ್ಕಿನ ಮೇಲೆಯೇ ವಾದವನ್ನೆಲ್ಲ ಕಟ್ಟಿದವರಿಗೆ ಆ ಒಂದು ಪದವೇ ಸರ್ವಸ್ವವಾಗಿತ್ತು. 72 ವರ್ಷದ ರಾತ್‌ಬೋನರು, ಇದನ್ನು ತಿದ್ದದಿದ್ದರೆ ತಾವು ಕಾಲು ಶತಮಾನ ದುಡಿದು ತಂದ ಮಸೂದೆಗೆ ತಾವೇ ವಿರುದ್ಧವಾಗಿ ಮತ ಕೊಡುವುದಾಗಿ ಸಾರಿದರು. ಸರಕಾರವು ಪಕ್ಷದ ಕಟ್ಟನ್ನು ಸಡಿಲಿಸಿ ಪ್ರಶ್ನೆಯನ್ನು ಸದಸ್ಯರ ಇಚ್ಛೆಗೆ ಬಿಟ್ಟಿತು. ಸಭೆಯು ತಾಯಿಯ ಪರವಾಗಿ ನಿಂತಿತು. ಜೂನ್ 15ರಂದು ಮಸೂದೆಗೆ ಅರಸನ ಅಂಕಿತವಾಯಿತು. ರಾತ್‌ಬೋನರು 1946ರ ಜನವರಿ 2ರಂದು ತೀರಿಕೊಂಡರು. ಮೊದಲ ಭತ್ಯೆ ವಿತರಣೆಯಾದುದು ಅದೇ ವರ್ಷದ ಆಗಸ್ಟ್ 6ರಂದು.

ಆದರೂ ಮೊದಲ ಮಗು ಹೊರಗೇ ಉಳಿಯಿತು. 1965ರಲ್ಲಿ ಸ್ಥಾಪಿತವಾದ 'ಚೈಲ್ಡ್ ಪಾವರ್ಟಿ ಆ್ಯಕ್ಷನ್ ಗ್ರೂಪ್' ಎಂಬ ಸಂಘವು ಈ ಕೆಲಸವನ್ನು ಮುಂದುವರಿಸಿತು. ಮಕ್ಕಳಿಗಾಗಿ ತಂದೆಗೆ ದೊರೆಯುತ್ತಿದ್ದ ಆದಾಯತೆರಿಗೆಯ ರಿಯಾಯಿತಿಯನ್ನು ರದ್ದುಗೊಳಿಸಿ, ಆ ಹಣವನ್ನೂ ಭತ್ಯೆಯಲ್ಲಿ ಸೇರಿಸಿ, ಮೊದಲ ಮಗುವೂ ಒಳಗೊಳ್ಳುವಂತೆ ತಾಯಿಗೆ ಕೊಡುವ ಕಾನೂನು 1975ರಲ್ಲಿ ಅಂಗೀಕೃತವಾಯಿತು. ಮರುವರ್ಷ ಸರಕಾರವೇ ಹಿಂಜರಿಯಿತು. ಗಂಡಸರ ಸಂಬಳದ ಲಕೋಟೆ ತೆಳುವಾದರೆ ಕಾರ್ಮಿಕ ಸಂಘಗಳು ಸಿಡಿದೇಳಬಹುದೆಂಬ ಭೀತಿ ಅದಕ್ಕೆ ಕಾರಣ. 1945ರ ಪ್ರಶ್ನೆ ವೇಷ ಬದಲಿಸಿ ಮರಳಿ ಬಂದಿತ್ತು. ಮಂತ್ರಿಮಂಡಲದ ಗುಪ್ತ ಕಾಗದಗಳು ಹೊರಬಿದ್ದು, ಆ ಸಂಘದ ನಿರ್ದೇಶಕ ಫ್ರಾಂಕ್ ಫೀಲ್ಡರು ಅವುಗಳ ಆಧಾರದಿಂದ 1976ರ ಜೂನ್ 17ರ 'ನ್ಯೂ ಸೊಸೈಟಿ' ಪತ್ರಿಕೆಯಲ್ಲಿ ಲೇಖನ ಪ್ರಕಟಿಸಲು, ದೊಡ್ಡ ಕೋಲಾಹಲವಾಯಿತು. ಕೊನೆಗೆ 1977ರ ಏಪ್ರಿಲಿನಿಂದ ಮೊದಲ ಮಗುವಿಗೂ ವಾರಕ್ಕೆ 1 ಪೌಂಡು ಸಂದಾಯವಾಯಿತು. ತೆರಿಗೆ ರಿಯಾಯಿತಿಯನ್ನು ಹಂತಹಂತವಾಗಿ ಕಳೆದು, 1979ರ ಏಪ್ರಿಲ್ ವೇಳೆಗೆ ಪ್ರತಿ ಮಗುವಿಗೆ 4 ಪೌಂಡುಗಳಂತೆ ತಾಯಂದಿರು ಅಂಚೆ ಕಚೇರಿಯ ಕಿಂಡಿಯಲ್ಲಿ ಎಣಿಸಿಕೊಳ್ಳತೊಡಗಿದರು.