ಬಾಂಬಿನ ಎದುರು ಕ್ಯಾಮೆರಾ: ತೆರೆಯ ಮೇಲೆ ಪತ್ರಕರ್ತ ಮತ್ತು ಉಗ್ರರು

1991ರ ಮೇ 21ರ ರಾತ್ರಿ ಶ್ರೀಪೆರಂಬದೂರಿನಲ್ಲಿ ರಾಜೀವ್ ಗಾಂಧಿಯವರನ್ನು ಬಲಿ ತೆಗೆದುಕೊಂಡ ಸ್ಫೋಟದಲ್ಲಿ ಹರಿಬಾಬು ಎಂಬ ಯುವ ಛಾಯಾಗ್ರಾಹಕನೂ ಸತ್ತ. ಅವನ ಕ್ಯಾಮೆರಾ ಉಳಿಯಿತು. ರೀಲು ತೊಳೆದಾಗ ಅದರಲ್ಲಿ ಕಂಡವಳು ಹಾರ ಹಿಡಿದು ಕಾಯುತ್ತಿದ್ದ ಆತ್ಮಾಹುತಿ ಬಾಂಬರ್ ಧನು. ಬಿಳಿ ಕುರ್ತಾ ಪೈಜಾಮ ತೊಟ್ಟು, ಕೈಯಲ್ಲಿ ನೋಟ್‌ಪ್ಯಾಡ್ ಹಿಡಿದು, ವರದಿಗಾರನ ವೇಷದಲ್ಲಿ ನಿಂತಿದ್ದವನು ಸಂಚಿನ ಮುಂದಾಳು ಶಿವರಾಸನ್. ಹರಿಬಾಬುವನ್ನು ಅಲ್ಲಿಗೆ ಕರೆಸಿದವರು ಸಂಚುಕೋರರೇ. ಕೊಲೆಯ ಜೊತೆಗೆ ಅದರ ಚಿತ್ರವೂ ಅವರಿಗೆ ಬೇಕಿತ್ತು. ಅದೇ ಚಿತ್ರಗಳು ಕರ್ನಾಟಕ ಕೇಡರಿನ ಐಪಿಎಸ್ ಅಧಿಕಾರಿ ಡಿ.ಆರ್. ಕಾರ್ತಿಕೇಯನ್ ನೇತೃತ್ವದ ವಿಶೇಷ ತನಿಖಾ ತಂಡಕ್ಕೆ ದಾರಿ ತೋರಿಸಿದವು. ಆ ದಾರಿ ಮೂರು ತಿಂಗಳ ತರುವಾಯ ಬೆಂಗಳೂರಿನ ಕೋಣನಕುಂಟೆಯಲ್ಲಿ ಶಿವರಾಸನ್ ಅಡಗಿದ್ದ ಒಂದು ಮನೆಯ ಮುಂದೆ ಮುಗಿಯಿತು.

ಪತ್ರಕರ್ತನೊಬ್ಬ ಉಗ್ರರ ಬಲೆಯಲ್ಲಿ ಸಿಲುಕುವ ಕಥೆಯನ್ನು ಸಿನಿಮಾ ಎಂಟು ದಶಕಗಳಿಂದ ಹೇಳುತ್ತಾ ಬಂದಿದೆ. ಅವುಗಳಲ್ಲಿ ಬಹುಪಾಲು ಚಿತ್ರಗಳು ಪತ್ರಕರ್ತನನ್ನು ಪೆನ್ನು ಹಿಡಿದ ಪೊಲೀಸನನ್ನಾಗಿ ಮಾಡಿ ಕೈತೊಳೆದುಕೊಂಡಿವೆ. ಉಳಿದ ಕೆಲವು ಮಾತ್ರ ಹರಿಬಾಬುವಿನ ರೀಲು ಎತ್ತುವ ಪ್ರಶ್ನೆಯನ್ನು ಎದುರಿಸಿವೆ: ನೋಡುವವರಿಲ್ಲದೆ ಭಯೋತ್ಪಾದನೆ ಪೂರ್ಣವಾಗುವುದಿಲ್ಲ ಎಂದಾದರೆ, ಅದನ್ನು ತೋರಿಸುವವನು ಆ ಘಟನೆಯ ಹೊರಗಿದ್ದಾನೆಯೇ, ಒಳಗಿದ್ದಾನೆಯೇ? ಈ ಪ್ರಕಾರದಲ್ಲಿ ಆಗಿರುವ ನಿಜವಾದ ಬೆಳವಣಿಗೆಯೆಲ್ಲ ಈ ಪ್ರಶ್ನೆಯ ಸುತ್ತಲೇ ಆಗಿದೆ ಎಂದು ನನಗನ್ನಿಸುತ್ತದೆ.

ಶುರುವಿನಲ್ಲಿ ಹಿಚ್‌ಕಾಕ್ ಇದ್ದಾನೆ. 1940ರಲ್ಲಿ ಬಂದ ‘ಫಾರಿನ್ ಕರೆಸ್ಪಾಂಡೆಂಟ್’ ಚಿತ್ರದ ಜಾನಿ ಜೋನ್ಸ್ ನ್ಯೂಯಾರ್ಕಿನ ಅಪರಾಧ ವರದಿಗಾರ. ಯುರೋಪಿನ ರಾಜಕೀಯದ ಗಂಧಗಾಳಿ ಇಲ್ಲದವನು ಎಂಬ ಕಾರಣಕ್ಕೇ ಸಂಪಾದಕ ಅವನನ್ನು ಆರಿಸಿ ಕಳಿಸುತ್ತಾನೆ. ಆಮ್‌ಸ್ಟರ್‌ಡ್ಯಾಮಿನಲ್ಲಿ ಮಳೆ ಸುರಿಯುತ್ತಿರುವಾಗ ಮೆಟ್ಟಿಲುಗಳ ಮೇಲೆ ನಿಂತ ಮುತ್ಸದ್ದಿಯತ್ತ ಪತ್ರಿಕಾ ಛಾಯಾಗ್ರಾಹಕನೊಬ್ಬ ಕ್ಯಾಮೆರಾ ಎತ್ತುತ್ತಾನೆ. ಕ್ಯಾಮೆರಾದ ಪಕ್ಕದಲ್ಲೇ ಅಡಗಿಸಿಕೊಂಡ ಪಿಸ್ತೂಲಿನಿಂದ ಗುಂಡು ಹಾರುತ್ತದೆ. ಹಂತಕ ಕಪ್ಪು ಕೊಡೆಗಳ ಸಾಗರದಲ್ಲಿ ನುಗ್ಗಿ ಮಾಯವಾಗುತ್ತಾನೆ. ಪತ್ರಕರ್ತನ ವೇಷ ಕೊಲೆಗಾರನಿಗೆ ಎಷ್ಟು ಅನುಕೂಲ ಎಂಬುದನ್ನು ಸಿನಿಮಾ ಶ್ರೀಪೆರಂಬದೂರಿಗಿಂತ ಐವತ್ತೊಂದು ವರ್ಷ ಮೊದಲೇ ಕಂಡಿತ್ತು. ಆದರೆ ಹಿಚ್‌ಕಾಕ್‌ನ ವರದಿಗಾರನಿಗೆ ತನ್ನ ವೃತ್ತಿಯ ಬಗ್ಗೆ ಅನುಮಾನವಿಲ್ಲ. ಕೊನೆಯಲ್ಲಿ ಅವನು ಬಾಂಬು ಬೀಳುತ್ತಿರುವ ಲಂಡನ್ನಿನ ರೇಡಿಯೊ ಕೇಂದ್ರದಲ್ಲಿ ನಿಂತು, ಇನ್ನೂ ಯುದ್ಧಕ್ಕಿಳಿಯದ ಅಮೆರಿಕವನ್ನು ಎಚ್ಚರಿಸುತ್ತಾನೆ. ಸತ್ಯ ಹೇಳಿದರೆ ಸಾಕು, ಜಗತ್ತು ಸರಿಹೋದೀತು ಎಂಬ ನಂಬಿಕೆಯ ಕಾಲ ಅದು.

ಆ ನಂಬಿಕೆ ಎಪ್ಪತ್ತರ ದಶಕದಲ್ಲಿ ಮುರಿಯಿತು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಇಸ್ರೇಲ್ ತಂಡದ 11 ಮಂದಿ ಹತರಾದ ದುರಂತವನ್ನು ಜಗತ್ತು ಟಿವಿಯಲ್ಲಿ ನೇರವಾಗಿ ನೋಡಿತು. 1976ರಲ್ಲಿ ಬಂದ ಸಿಡ್ನಿ ಲುಮೆಟ್‌ನ ‘ನೆಟ್‌ವರ್ಕ್’ ಚಿತ್ರದಲ್ಲಿ ಟಿವಿ ಕಂಪನಿಯೊಂದು ಉಗ್ರರ ಗುಂಪು ತಾನೇ ಚಿತ್ರೀಕರಿಸಿದ ಬ್ಯಾಂಕ್ ದರೋಡೆಯನ್ನು ಧಾರಾವಾಹಿಯಾಗಿಸಲು ಮುಂದಾಗುತ್ತದೆ. ಉಗ್ರರು ಕರಾರುಪತ್ರದ ಷರತ್ತುಗಳಿಗಾಗಿ ಜಗಳವಾಡುತ್ತಾರೆ. ಆಗ ಅತಿರೇಕ ಎನ್ನಿಸಿದ್ದ ಚಿತ್ರ ಅದು. ಇವತ್ತು ನೋಡಿದರೆ ವರದಿಯಂತೆ ಕಾಣುತ್ತದೆ.

ಆ ಕಾಲಘಟ್ಟದಲ್ಲಿ ನನ್ನನ್ನು ಹೆಚ್ಚು ಕಾಡಿದ ಚಿತ್ರ 1983ರ ‘ಅಂಡರ್ ಫೈರ್’. ನಿಕರಾಗುವಾದ ಅಂತರ್ಯುದ್ಧದಲ್ಲಿ ಫೋಟೊ ತೆಗೆಯುವ ರಸೆಲ್ ಪ್ರೈಸ್ (ನಿಕ್ ನೋಲ್ಟಿ) ಯಾರ ಪಕ್ಷವನ್ನೂ ವಹಿಸದವನು. ಬಂಡುಕೋರರ ನಾಯಕ ಸತ್ತಿದ್ದಾನೆ. ಅವನು ಬದುಕಿರುವಂತೆ ಒಂದು ಚಿತ್ರ ತೆಗೆದುಕೊಡು ಎಂದು ಅವನ ಸಂಗಾತಿಗಳು ಪ್ರೈಸ್‌ನನ್ನು ಕೇಳುತ್ತಾರೆ. ಅವನು ತೆಗೆದುಕೊಡುತ್ತಾನೆ. ಆ ಸುಳ್ಳು ಇತಿಹಾಸದ ದಿಕ್ಕನ್ನೇ ಬದಲಿಸುತ್ತದೆ. ಅದಕ್ಕಿಂತ ಘೋರವಾದದ್ದು ಇನ್ನೊಂದಿದೆ. ಅವನು ಪ್ರಾಮಾಣಿಕವಾಗಿ ತೆಗೆದಿದ್ದ ಬಂಡುಕೋರರ ಚಿತ್ರಗಳು ಗೂಢಚಾರನೊಬ್ಬನ ಕೈಸೇರಿ, ಅದರಲ್ಲಿದ್ದವರನ್ನು ಗುರುತು ಹಿಡಿದು ಕೊಲ್ಲಲಾಗುತ್ತದೆ. ಸುಳ್ಳು ಚಿತ್ರ ಜನರನ್ನು ಉಳಿಸಿತು, ನಿಜವಾದ ಚಿತ್ರ ಕೊಂದಿತು. ಪ್ರೇಕ್ಷಕನಿಗೆ ಯಾವ ಸಮಾಧಾನವನ್ನೂ ಕೊಡದೆ ಚಿತ್ರ ಈ ಗಂಟನ್ನು ಹಾಗೆಯೇ ಬಿಡುತ್ತದೆ. 1979ರಲ್ಲಿ ಮನಾಗುವಾದಲ್ಲಿ ಸೈನಿಕನ ಗುಂಡಿಗೆ ಬಲಿಯಾದ ಎಬಿಸಿ ವರದಿಗಾರ ಬಿಲ್ ಸ್ಟೀವರ್ಟ್‌ನ ಸಾವು ಇದರ ಹಿಂದಿದೆ. ಆ ಕೊಲೆಯನ್ನು ಅವನ ಸಹೋದ್ಯೋಗಿಯ ಕ್ಯಾಮೆರಾ ಸೆರೆಹಿಡಿದಿತ್ತು.

ನಮ್ಮಲ್ಲಿ ಕಥೆ ಬೇರೆ ದಾರಿ ಹಿಡಿಯಿತು. ಎಂಬತ್ತರ ದಶಕದ ಭಾರತೀಯ ಪತ್ರಕರ್ತನ ಶತ್ರು ಉಗ್ರನಾಗಿರಲಿಲ್ಲ, ರಾಜಕಾರಣಿಯಾಗಿದ್ದ. 1985ರಲ್ಲಿ ಶಂಕರ್ ನಾಗ್ ನಿರ್ದೇಶಿಸಿ ನಟಿಸಿದ ‘ಆಕ್ಸಿಡೆಂಟ್’ನಲ್ಲಿ ರಾಜಕಾರಣಿಯ ಮಗನ ಕಾರು ಫುಟ್‌ಪಾತಿನಲ್ಲಿ ಮಲಗಿದ್ದವರ ಮೇಲೆ ಹರಿದ ಪ್ರಕರಣದ ಬೆನ್ನು ಹತ್ತುವವನು ಪತ್ರಕರ್ತ. ಮರುವರ್ಷದ ‘ನ್ಯೂ ಡೆಲ್ಲಿ ಟೈಮ್ಸ್’ನಲ್ಲಿ ಶಶಿ ಕಪೂರ್ ವಹಿಸಿದ ಸಂಪಾದಕನಿಗೆ ಎದುರಾಗುವುದೂ ಅಧಿಕಾರದ ಸಂಚೇ. ಈ ಎರಡೂ ಚಿತ್ರಗಳಲ್ಲಿ ಪತ್ರಕರ್ತ ನೇರ ಮನುಷ್ಯ.

ಅವನ ಕೈಗೆ ರಕ್ತ ಅಂಟಿಸಿದ್ದು ಮಲಯಾಳಂನ ‘ನ್ಯೂ ಡೆಲ್ಲಿ’. 1987ರಲ್ಲಿ ಡೆನ್ನಿಸ್ ಜೋಸೆಫ್ ಬರೆದು ಜೋಶಿ ನಿರ್ದೇಶಿಸಿದ ಈ ಚಿತ್ರದಲ್ಲಿ ಮಮ್ಮೂಟ್ಟಿಯದು ಜಿ.ಕೆ. ಎಂಬ ಪತ್ರಕರ್ತನ ಪಾತ್ರ. ಅಧಿಕಾರಸ್ಥರು ಅವನನ್ನು ಜೈಲಿಗೆ ತಳ್ಳಿ, ಹಿಂಸಿಸಿ, ಅಂಗವಿಕಲನನ್ನಾಗಿಸುತ್ತಾರೆ. ಹೊರಬಂದ ಅವನು ಪತ್ರಿಕೆಯೊಂದನ್ನು ಕಟ್ಟುತ್ತಾನೆ. ಜೈಲಿನಲ್ಲಿ ಪರಿಚಯವಾದ ಕೈದಿಗಳಿಂದ ಕೊಲೆಗಳನ್ನು ಮಾಡಿಸಿ, ಅವುಗಳ ಸುದ್ದಿಯನ್ನು ವಿಶ್ವನಾಥ್ ಎಂಬ ಸುಳ್ಳು ಹೆಸರಿನಲ್ಲಿ ಎಲ್ಲರಿಗಿಂತ ಮೊದಲು ಮುದ್ರಿಸುತ್ತಾನೆ. ಘಟನೆ ನಡೆಯುವ ಮುನ್ನವೇ ಸುದ್ದಿ ತಯಾರು! ಇರ್ವಿಂಗ್ ವ್ಯಾಲೇಸ್‌ನ ‘ದಿ ಆಲ್ಮೈಟಿ’ ಕಾದಂಬರಿಯೊಂದಿಗೆ ಇದಕ್ಕಿರುವ ಹೋಲಿಕೆಯನ್ನು ಹಲವರು ಗುರುತಿಸಿದ್ದಾರೆ. ಆದರೆ ಕಾದಂಬರಿಯ ಹಣವಂತ ಮಾಲೀಕನ ದುರಾಸೆಯ ಜಾಗದಲ್ಲಿ ನೊಂದವನ ಸೇಡನ್ನು ಇಟ್ಟದ್ದು ಚಿತ್ರದ ಸ್ವಂತಿಕೆ. ಅದರಿಂದಾಗಿ ಪ್ರೇಕ್ಷಕ ಕೊಲೆಗಾರ ಸಂಪಾದಕನ ಪರ ನಿಲ್ಲುತ್ತಾನೆ, ನಿಂತ ಮೇಲೆ ಕಸಿವಿಸಿಗೊಳ್ಳುತ್ತಾನೆ. ಮರುವರ್ಷ ಜೋಶಿಯೇ ಇದನ್ನು ಕನ್ನಡಕ್ಕೆ ತಂದರು, ಜಿ.ಕೆ. ಪಾತ್ರವನ್ನು ಅಂಬರೀಶ್ ವಹಿಸಿದರು. ಹಿಂದಿಯಲ್ಲಿ ಜಿತೇಂದ್ರ, ತೆಲುಗಿನಲ್ಲಿ ಕೃಷ್ಣಂರಾಜು. ಸುದ್ದಿಗಾಗಿ ಯುದ್ಧವನ್ನೇ ಹುಟ್ಟುಹಾಕುವ ಮಾಧ್ಯಮ ದೊರೆ ಜೇಮ್ಸ್ ಬಾಂಡ್ ಚಿತ್ರದಲ್ಲಿ ಕಾಣಿಸಿಕೊಂಡದ್ದು ಹತ್ತು ವರ್ಷಗಳ ಬಳಿಕ, 1997ರ ‘ಟುಮಾರೊ ನೆವರ್ ಡೈಸ್’ನಲ್ಲಿ.

ಪತ್ರಕರ್ತನನ್ನೂ ಉಗ್ರಗಾಮಿಯೊಬ್ಬಳನ್ನೂ ಮುಖಾಮುಖಿ ನಿಲ್ಲಿಸಿದವರು ಮಣಿರತ್ನಂ. 1998ರ ‘ದಿಲ್ ಸೇ’ ಎಂದರೆ ಊಟಿ ರೈಲಿನ ಮೇಲಿನ ಕುಣಿತವೇ ಎಲ್ಲರಿಗೂ ನೆನಪಾಗುತ್ತದೆ. ನಾಯಕ ಅಮರಕಾಂತ್ ಆಕಾಶವಾಣಿಯವನು, ಸ್ವಾತಂತ್ರ್ಯದ ಐವತ್ತನೇ ವರ್ಷದ ಕಾರ್ಯಕ್ರಮಕ್ಕಾಗಿ ಮೈಕು ಹಿಡಿದು ಈಶಾನ್ಯಕ್ಕೆ ಹೋದವನು ಎಂಬುದನ್ನು ನೆನಪಿಟ್ಟವರು ಕಡಿಮೆ. ಉಗ್ರರ ನಾಯಕನ ಸಂದರ್ಶನವನ್ನೂ ಅವನು ಮಾಡುತ್ತಾನೆ. ಪ್ರಶ್ನೆ ಕೇಳುವುದು ಅವನ ಕೆಲಸ. ಆದರೆ ಉಗ್ರರ ಗುಂಪಿನವಳಾದ ಮೇಘನಾಳ ಮೌನದೆದುರು ಅವನ ಪ್ರಶ್ನೆಗಳೆಲ್ಲ ಒಣಮಾತಾಗುತ್ತವೆ. ಆಕೆ ದೆಹಲಿಗೆ ಬಂದು ಅವನ ಮನೆಯಲ್ಲೇ ಉಳಿದು, ಆಕಾಶವಾಣಿಯಲ್ಲೇ ಕೆಲಸ ಕೇಳುತ್ತಾಳೆ. ಆಕೆಯ ಗುರಿಯಾದ ಗಣರಾಜ್ಯೋತ್ಸವದ ಮೆರವಣಿಗೆಗೆ ದಾರಿ ಅಲ್ಲಿಂದಲೇ ಹೋಗುತ್ತದೆ. ಸರ್ಕಾರದ ದನಿಯಾದ ರೇಡಿಯೊ ಆ ದನಿ ತಲುಪದ ನಾಡಿಗೆ ಹೋಗಿ ಏನನ್ನು ಕೇಳಿಸಿಕೊಂಡಿತು ಎಂಬ ಪ್ರಶ್ನೆ ಚಿತ್ರದೊಳಗಿದೆ. ಹಾಡು, ಮದುವೆ ಮನೆಗಳ ನಡುವೆ ಅದು ಆಗಾಗ ಮಸುಕಾಗುತ್ತದೆ ನಿಜ. ಆದರೂ ಹಿಂದಿಯ ಮುಖ್ಯಧಾರೆಯಲ್ಲಿ ಇಷ್ಟು ದೂರ ಹೋದ ಚಿತ್ರ ಅದಕ್ಕಿಂತ ಮುಂಚೆ ಇರಲಿಲ್ಲ.

ಇಷ್ಟರಲ್ಲಿ ಖಾಸಗಿ ಸುದ್ದಿವಾಹಿನಿಗಳು ಬಂದವು. ಅಜೀಜ್ ಮಿರ್ಜಾರ ‘ಫಿರ್ ಭೀ ದಿಲ್ ಹೈ ಹಿಂದುಸ್ತಾನಿ’ (2000) ಪೈಪೋಟಿಯ ಎರಡು ಚಾನೆಲ್‌ಗಳು ಮಗಳ ಸಾವಿಗೆ ಸೇಡು ತೀರಿಸಿಕೊಂಡ ತಂದೆಯೊಬ್ಬನನ್ನು ಉಗ್ರನೆಂದು ಬಿಂಬಿಸಿ, ಅವನ ಗಲ್ಲನ್ನು ನೇರಪ್ರಸಾರ ಮಾಡಲು ಹೊರಡುವ ಕಥೆ. ಕಾಲಕ್ಕಿಂತ ಮೊದಲೇ ಬಂದ ಚಿತ್ರ. ಕಬೀರ್ ಖಾನರ ‘ಕಾಬೂಲ್ ಎಕ್ಸ್‌ಪ್ರೆಸ್’ (2006) ಸಾಕ್ಷ್ಯಚಿತ್ರಕಾರನ ಕಣ್ಣಿನಿಂದ ಹುಟ್ಟಿದ್ದು. ತಾಲಿಬಾನಿಯೊಬ್ಬನ ಸಂದರ್ಶನ ಸಿಕ್ಕೀತೇ ಎಂದು ಅಲೆಯುವ ಇಬ್ಬರು ಭಾರತೀಯ ವರದಿಗಾರರನ್ನು ತಾಲಿಬಾನಿಯೇ ಬಂದೂಕು ತೋರಿಸಿ ಒತ್ತೆ ಹಿಡಿಯುತ್ತಾನೆ. ನಿಜವಾದ ಕಾಬೂಲಿನ ಅವಶೇಷಗಳ ನಡುವೆಯೇ ಚಿತ್ರೀಕರಣ ನಡೆದದ್ದರಿಂದ ಅದರ ಧೂಳಿಗೂ ಒಂದು ಸತ್ಯವಿದೆ.

ಅದರ ಮರುವರ್ಷ ಬಂದ ‘ಎ ಮೈಟಿ ಹಾರ್ಟ್’ ಬೇರೆಯೇ ತೂಕದ ಚಿತ್ರ. 2002ರ ಜನವರಿಯಲ್ಲಿ ಕರಾಚಿಯಲ್ಲಿ ಸಂದರ್ಶನದ ಆಮಿಷಕ್ಕೆ ಸಿಕ್ಕಿ ಅಪಹರಣಕ್ಕೊಳಗಾಗಿ ಕೊಲೆಯಾದ ‘ವಾಲ್ ಸ್ಟ್ರೀಟ್ ಜರ್ನಲ್’ ವರದಿಗಾರ ಡೇನಿಯಲ್ ಪರ್ಲ್ ಕಥೆ ಇದು, ಅವನ ಹೆಂಡತಿ ಮರಿಯಾನ್ ಬರೆದ ಪುಸ್ತಕವನ್ನು ಆಧರಿಸಿದ್ದು. ಅಪಹರಣದ ಸಂಚು ರೂಪಿಸಿದ ಒಮರ್ ಶೇಖ್ 1999ರ ಐಸಿ 814 ವಿಮಾನ ಅಪಹರಣದಲ್ಲಿ ಭಾರತ ಬಿಟ್ಟುಕೊಟ್ಟ ಮೂವರಲ್ಲಿ ಒಬ್ಬ. ಕರಾಚಿಯ ಹಲವು ದೃಶ್ಯಗಳನ್ನು ಪುಣೆಯಲ್ಲಿ ಚಿತ್ರೀಕರಿಸಲಾಯಿತು. ಪಾಕಿಸ್ತಾನಿ ಪೊಲೀಸ್ ಅಧಿಕಾರಿಯಾಗಿ ಇರ್ಫಾನ್ ಖಾನ್ ಇದ್ದಾರೆ. ಕೊಲೆಗಾರರು ಕೊಲೆಯನ್ನು ವಿಡಿಯೊ ಮಾಡಿ ಕಳಿಸಿದ್ದರು. ನಿರ್ದೇಶಕ ವಿಂಟರ್‌ಬಾಟಮ್ ಅದನ್ನು ತೋರಿಸುವುದಿಲ್ಲ. ಉಗ್ರರು ಜಗತ್ತು ನೋಡಲಿ ಎಂದು ಸಿದ್ಧಪಡಿಸಿದ್ದನ್ನು ನೋಡಲು ನಿರಾಕರಿಸಿದ ಈ ನಿರ್ಧಾರವನ್ನು ನಾನು ಈ ಪ್ರಕಾರದ ಅತ್ಯಂತ ಘನವಾದ ಗಳಿಗೆಗಳಲ್ಲಿ ಒಂದೆಂದು ಎಣಿಸುತ್ತೇನೆ.

2008ರ ಸೆಪ್ಟೆಂಬರಿನಲ್ಲಿ ‘ಎ ವೆಡ್ನೆಸ್‌ಡೇ’ ತೆರೆಕಂಡಿತು. ಬಾಂಬಿಟ್ಟಿರುವುದಾಗಿ ಬೆದರಿಸುವ ಅನಾಮಧೇಯ ವ್ಯಕ್ತಿ ಪೊಲೀಸರಿಗಷ್ಟೇ ಅಲ್ಲ, ಟಿವಿ ವರದಿಗಾರ್ತಿಗೂ ಫೋನು ಮಾಡುತ್ತಾನೆ. ಕ್ಯಾಮೆರಾ ಎಲ್ಲಿ ನಿಲ್ಲಬೇಕು ಎಂಬುದನ್ನು ಅವನೇ ನಿರ್ಧರಿಸುತ್ತಾನೆ. ಎರಡೂವರೆ ತಿಂಗಳಲ್ಲಿ ಮುಂಬೈ ದಾಳಿ ನಡೆಯಿತು, 166 ಜನ ಸತ್ತರು. ಕಮಾಂಡೊಗಳು ಹೆಲಿಕಾಪ್ಟರಿನಿಂದ ಇಳಿಯುವುದನ್ನು ವಾಹಿನಿಗಳು ನೇರಪ್ರಸಾರ ಮಾಡಿದವು. ಗಡಿಯಾಚೆ ಕೂತಿದ್ದವರು ಟಿವಿ ನೋಡಿ ದಾಳಿಕೋರರಿಗೆ ಫೋನಿನಲ್ಲಿ ಸೂಚನೆ ಕೊಟ್ಟರು. 2012ರ ಕಸಬ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ನೇರಪ್ರಸಾರವನ್ನು ಕಟುವಾಗಿ ಟೀಕಿಸಿತು. 2015ರಲ್ಲಿ ಕೇಬಲ್ ಟಿವಿ ನಿಯಮಗಳಿಗೆ ತಿದ್ದುಪಡಿಯಾಗಿ, ಉಗ್ರರ ವಿರುದ್ಧದ ಕಾರ್ಯಾಚರಣೆಯ ನೇರಪ್ರಸಾರಕ್ಕೆ ನಿಷೇಧ ಬಂತು. ಮ್ಯೂನಿಕ್‌ನಲ್ಲೂ ಇದೇ ಆಗಿತ್ತು: ಮಾಳಿಗೆ ಏರುತ್ತಿದ್ದ ಪೊಲೀಸರು ಟಿವಿಯಲ್ಲಿ ಕಂಡಿದ್ದರು. ಎಬಿಸಿಯ ಕ್ರೀಡಾ ವಿಭಾಗದ ನಿಯಂತ್ರಣ ಕೊಠಡಿಯೊಳಗೇ ನಡೆಯುವ ‘ಸೆಪ್ಟೆಂಬರ್ 5’ (2024) ಆ ಗಳಿಗೆಯನ್ನು ಮತ್ತೆ ತೆರೆಯುತ್ತದೆ. ನಾವು ತೋರಿಸುತ್ತಿರುವುದನ್ನು ಅವರೂ ನೋಡುತ್ತಿದ್ದಾರೆಯೇ ಎಂಬ ಅರಿವು ಮೂಡುವ ಆ ಕೊಠಡಿಯ ಉಸಿರುಗಟ್ಟಿಸುವ ಕತ್ತಲು ಯಾವ ಗುಂಡಿನ ಕಾಳಗಕ್ಕಿಂತಲೂ ಭಯಂಕರ.

ಮುಂಬೈ ದಾಳಿಯ ನಂತರದ ಚಿತ್ರಗಳಲ್ಲಿ ಪತ್ರಕರ್ತ ಮತ್ತೆ ನಿರಪರಾಧಿಯಾಗಲಿಲ್ಲ. ಕೊರಿಯಾದ ‘ದಿ ಟೆರರ್ ಲೈವ್’ (2013) ಚಿತ್ರದಲ್ಲಿ ಸ್ಥಾನ ಕಳೆದುಕೊಂಡು ರೇಡಿಯೊಗೆ ತಳ್ಳಲ್ಪಟ್ಟ ನಿರೂಪಕನಿಗೆ ಬಾಂಬರ್ ಫೋನು ಮಾಡುತ್ತಾನೆ. ಸಿಯೋಲ್ ನಗರದ ಸೇತುವೆ ಸಿಡಿಯುತ್ತದೆ. ನಿರೂಪಕನಿಗೆ ಮೊದಲು ಹೊಳೆಯುವುದು ಪೊಲೀಸರಲ್ಲ, ಕಳೆದುಕೊಂಡ ಕುರ್ಚಿ. ನಾಲ್ಕು ಗೋಡೆಗಳೊಳಗೇ ನಡೆಯುವ ಈ ಚಿತ್ರವನ್ನು ರಾಮ್ ಮಾಧ್ವಾನಿ 2021ರಲ್ಲಿ ‘ಧಮಾಕಾ’ ಎಂದು ಮುಂಬೈಗೆ ತಂದರು. ಮೂಲದ ಸಿಟ್ಟು ಅದರಲ್ಲಿ ಅರ್ಧಕ್ಕಿಳಿದಿದೆ.

ತಮಿಳಿನ ‘ಕೋ’ (2011) ಇವೆಲ್ಲಕ್ಕಿಂತ ನಮಗೆ ಹತ್ತಿರದ್ದು. ನಿರ್ದೇಶಕ ಕೆ.ವಿ. ಆನಂದ್ ಸ್ವತಃ ಪತ್ರಿಕಾ ಛಾಯಾಗ್ರಾಹಕರಾಗಿದ್ದವರು. ಸುದ್ದಿಮನೆಯ ಗಡಿಬಿಡಿ ಅವರ ಕೈಯಲ್ಲಿ ಸಹಜವಾಗಿ ಬಂದಿದೆ. ಜೀವಾ ವಹಿಸಿದ ಛಾಯಾಗ್ರಾಹಕ ಅಶ್ವಿನ್ ತಾನು ನಂಬಿ ಬೆಳೆಸಿದ ಯುವ ನಾಯಕನೇ ನಕ್ಸಲರೊಂದಿಗೆ ಸೇರಿ ತನ್ನ ಸಭೆಯಲ್ಲೇ ಸ್ಫೋಟ ಮಾಡಿಸಿದನೆಂದು ಕಂಡುಕೊಳ್ಳುತ್ತಾನೆ. ಆ ಸ್ಫೋಟದಲ್ಲಿ ಅಶ್ವಿನ್‌ನ ಸಹೋದ್ಯೋಗಿಯೂ ಸತ್ತಿದ್ದಾಳೆ. ಕೊನೆಗೆ ಅಶ್ವಿನ್ ಸತ್ಯವನ್ನು ಮುಚ್ಚಿಟ್ಟು, ಸತ್ತ ನಾಯಕನನ್ನು ಹುತಾತ್ಮನೆಂದೇ ಜನರ ಮುಂದಿಡುತ್ತಾನೆ. ‘ಅಂಡರ್ ಫೈರ್’ನ ಸುಳ್ಳು ಚಿತ್ರ ಇಲ್ಲಿ ಚೆನ್ನೈಗೆ ಬಂದಿದೆ. ಆದರೆ ಪ್ರೈಸ್ ತೆತ್ತ ಬೆಲೆಯನ್ನು ಅಶ್ವಿನ್ ತೆರುವುದಿಲ್ಲ. ಜನರ ನಂಬಿಕೆ ಉಳಿಯಲಿ ಎಂಬ ಒಂದೇ ಮಾತಿನಲ್ಲಿ ಚಿತ್ರ ಆ ಸುಳ್ಳನ್ನು ಕ್ಷಮಿಸಿಬಿಡುತ್ತದೆ. ಇಷ್ಟು ಚೆನ್ನಾಗಿ ಕಟ್ಟಿದ ಚಿತ್ರ ಅಲ್ಲಿ ತಡವರಿಸಿದ್ದು ನನಗೆ ಈಗಲೂ ಬೇಸರದ ಸಂಗತಿ.

ಇನ್ನು ಕನ್ನಡ. ಕೋಣನಕುಂಟೆಯಲ್ಲಿ ಶಿವರಾಸನ್, ಶುಭಾ ಮತ್ತು ಸಂಗಡಿಗರು ಕಳೆದ ಕೊನೆಯ ದಿನಗಳನ್ನು ಎ.ಎಂ.ಆರ್. ರಮೇಶ್ 2006ರಲ್ಲಿ ‘ಸೈನೈಡ್’ ಮಾಡಿದರು. ಉಗ್ರರಿಗೆ ಮನೆ ಕೊಟ್ಟು ಸಿಕ್ಕಿಕೊಂಡ ಸಾಮಾನ್ಯ ದಂಪತಿಯ ಭಯವನ್ನು ಅದು ಹಿಡಿದಷ್ಟು ನಿಖರವಾಗಿ ಬೇರೆ ಚಿತ್ರ ಹಿಡಿದಿಲ್ಲ. ರಮೇಶ್ ಅವರೇ 2013ರಲ್ಲಿ ಕಾಡುಗಳ್ಳ ವೀರಪ್ಪನ್ ಕುರಿತು ‘ಅಟ್ಟಹಾಸ’ ಮಾಡಿದರು. ರಾಮ್‌ಗೋಪಾಲ್ ವರ್ಮಾ 2016ರ ‘ಕಿಲ್ಲಿಂಗ್ ವೀರಪ್ಪನ್’ನಲ್ಲಿ ವೀರಪ್ಪನ್ ಅಪಹರಿಸಿದ್ದ ನಟ ಡಾ. ರಾಜ್‌ಕುಮಾರ್ ಅವರ ಮಗ ಶಿವರಾಜ್‌ಕುಮಾರ್ ಅವರನ್ನೇ ಪೊಲೀಸ್ ಅಧಿಕಾರಿಯಾಗಿಸಿದರು.

ಈ ಮೂರೂ ಪೊಲೀಸರ ಅಥವಾ ಪೊಲೀಸರು ಅಟ್ಟಿಸಿಕೊಂಡು ಹೋದವರ ಕಥೆಗಳು. ಆದರೆ 2000ದ ಜುಲೈ 30ರ ರಾತ್ರಿ ದೊಡ್ಡಗಾಜನೂರಿನಿಂದ ಡಾ. ರಾಜ್ ಅಪಹರಣವಾಗಿ 108 ದಿನ ಕರ್ನಾಟಕ ಉಸಿರು ಬಿಗಿಹಿಡಿದಿದ್ದಾಗ ಕಾಡಿಗೂ ನಾಡಿಗೂ ನಡುವೆ ಓಡಾಡಿದವರು ಪತ್ರಕರ್ತರೊಬ್ಬರು, ‘ನಕ್ಕೀರನ್’ ಸಂಪಾದಕ ಗೋಪಾಲ್. ವೀರಪ್ಪನ್‌ನನ್ನು ಮೊದಲೇ ಸಂದರ್ಶಿಸಿ ಹೆಸರಾಗಿದ್ದವರು. ಆ ಪರಿಚಯವೇ ಅವರನ್ನು ಎರಡು ಸರ್ಕಾರಗಳ ಸಂಧಾನಕಾರನನ್ನಾಗಿಸಿತು. ಕಾಡಿನಿಂದ ಬಂದ ಕ್ಯಾಸೆಟ್‌ಗಳಿಗಾಗಿ ಬೆಂಗಳೂರು, ಚೆನ್ನೈ ಎರಡೂ ಕಾಯುತ್ತಿದ್ದವು. ಮೂರು ವರ್ಷಗಳ ಬಳಿಕ ಅದೇ ಗೋಪಾಲ್ ತಮಿಳುನಾಡಿನಲ್ಲಿ ಪೋಟಾ ಕಾಯ್ದೆಯಡಿ ಬಂಧನಕ್ಕೊಳಗಾದರು. ಸಂಧಾನಕ್ಕೆ ಕರೆದ ವ್ಯವಸ್ಥೆಯೇ ಭಯೋತ್ಪಾದನಾ ವಿರೋಧಿ ಕಾಯ್ದೆಯನ್ನು ಅವರ ಮೇಲೆ ಹೇರಿತು. ಸುದ್ದಿಗಾರ ಸುದ್ದಿಯಾಗುವ, ನಂಬಿಕಸ್ಥ ಶಂಕಿತನಾಗುವ ಈ ತಿರುವನ್ನು ಯಾವ ಚಿತ್ರಕಥೆಗಾರನೂ ಹೊಸೆಯಬೇಕಿಲ್ಲ, ನಡೆದೇಹೋಗಿದೆ.

2023ರಲ್ಲಿ ಬಂದ ‘ಕೂಸೆ ಮುನಿಸಾಮಿ ವೀರಪ್ಪನ್’ ಸಾಕ್ಷ್ಯಚಿತ್ರ ಸರಣಿ ನಕ್ಕೀರನ್ ಬಳಿ ಉಳಿದಿದ್ದ ವಿಡಿಯೊಗಳನ್ನೇ ಬಳಸಿಕೊಂಡಿತು. ಕಾಡಿನಲ್ಲಿ ಕೂತು ಕ್ಯಾಮೆರಾಗೆ ತನ್ನ ಕಥೆ ಹೇಳಿಕೊಳ್ಳುವ ವೀರಪ್ಪನ್ ಅದರಲ್ಲಿದ್ದಾನೆ. ಆ ಕ್ಯಾಮೆರಾವನ್ನು ಅಲ್ಲಿಗೆ ಒಯ್ದವರ ಮಾತೂ ಇದೆ. ಕ್ಯಾಮೆರಾದ ಹಿಂದಿದ್ದವರು ವೀರಪ್ಪನ್‌ಗೆ ಏನನ್ನು ಕೊಟ್ಟರು, ಅವನಿಂದ ಏನನ್ನು ಪಡೆದರು ಎಂದು ಕೇಳುವ ಕಥಾಚಿತ್ರ ಕನ್ನಡದಲ್ಲಿ ಬರಬೇಕು. ಆ 108 ದಿನ ಪ್ರತಿ ಸಂಜೆ ರೇಡಿಯೊ, ಟಿವಿ ಮುಂದೆ ಕೂತು ಕಾದವರು ಇನ್ನೂ ನಮ್ಮ ನಡುವೆ ಇರುವಾಗಲೇ ಬರಬೇಕು.